ನಮ್ಮ ಮನೆಯ ಹಿತ್ತಾಳೆ ಸೇರು

ಸಂಘದ ಬೆಳ್ಳಿಹಬ್ಬದ ಸಂಚಿಕೆಗೆ ಹಳೇ ಕಾಲದ ಸಂಗತಿ ಏನಾದರೂ ಬರೆದುಕೊಡಿ ಎಂದು ಕಾರ್ಯದರ್ಶಿಗಳು ಕೇಳಿದಾಗ ನನಗೆ ಮೊದಲು ನೆನಪಾದದ್ದು ನಮ್ಮ ಅಡುಗೆಮನೆಯ ಹಿತ್ತಾಳೆ ಸೇರು. ನಮ್ಮೂರಿನ ಎಷ್ಟೋ ಮನೆಗಳಲ್ಲಿ ಒರಳು, ಒನಕೆ, ರಾಗಿಕಲ್ಲು, ಮೊರ ಇನ್ನೂ ಇವೆ. ಮಿಕ್ಸಿ ಬಂದ ಮೇಲೆ ಒರಳು ಹಿತ್ತಲಿಗೆ ಹೋಯಿತು, ಮಿಲ್ಲು ಬಂದ ಮೇಲೆ ರಾಗಿಕಲ್ಲು ಮೂಲೆ ಹಿಡಿಯಿತು. ಸೇರು ಮಾತ್ರ ಕೆಲಸ ಬಿಟ್ಟಿಲ್ಲ. ಇವತ್ತು ಬೆಳಿಗ್ಗೆಯೂ ನಮ್ಮ ಮನೆಯಲ್ಲಿ ಅದರಲ್ಲೇ ಅಕ್ಕಿ ಅಳೆದು ಅನ್ನಕ್ಕಿಟ್ಟರು.

ಸೇರಿನ ಬಳಗ ದೊಡ್ಡದು. ನಾಲ್ಕು ಚಟಾಕಿಗೆ ಒಂದು ಪಾವು, ಎರಡು ಪಾವಿಗೆ ಅಚ್ಚೇರು, ನಾಲ್ಕು ಪಾವಿಗೆ ಒಂದು ಸೇರು. ಅದಕ್ಕಿಂತ ಮೇಲೆ ಬಳ್ಳ, ಕೊಳಗ. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ಕೊಳಗ, ಖಂಡುಗದ ಹೆಸರುಗಳು ನಮ್ಮ ನಾಡಿನ ಹಳೆಯ ಶಾಸನಗಳಲ್ಲೇ ಬರುತ್ತವೆ. ಬಿತ್ತುವ ಬೀಜದ ಲೆಕ್ಕದಲ್ಲಿ ಭೂಮಿಯನ್ನೂ ಇಷ್ಟು ಖಂಡುಗದ ಗದ್ದೆ ಎಂದೇ ಹೇಳುತ್ತಿದ್ದರು. ಕಣದಲ್ಲಿ ರಾಶಿ ಅಳೆಯುವಾಗ ಮೊದಲನೇ ಅಳತೆಗೆ ‘ಒಂದು’ ಅನ್ನೋದಿಲ್ಲ, ‘ಲಾಭ’ ಅಂತಾರೆ. ಮದುವೆಯಾಗಿ ಬಂದ ಸೊಸೆ ಹೊಸಲಿನ ಮೇಲಿಟ್ಟ ಸೇರಕ್ಕಿಯನ್ನು ಬಲಗಾಲಿನಿಂದ ತಳ್ಳಿ ಒಳಗೆ ಬರಬೇಕು. ನಮ್ಮಜ್ಜಿ, ನಮ್ಮವ್ವ, ನನ್ನ ಹೆಂಡತಿ ಮೂವರೂ ತಳ್ಳಿದ್ದು ಇದೇ ಸೇರನ್ನು.

ಆದರೆ ಎಲ್ಲಾ ಊರಿನ ಸೇರೂ ಒಂದೇ ಅಲ್ಲ. ಟಿಪ್ಪು ಸುಲ್ತಾನ್ ಮಡಿದ ಮರುವರ್ಷ, ಅಂದರೆ 1800ರಲ್ಲಿ, ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಎಂಬ ಕಂಪನಿ ವೈದ್ಯ ಊರಿಂದೂರಿಗೆ ಅಳತೆ ಬೇರೆಯಾಗುವುದನ್ನು ಬರೆದಿಟ್ಟಿದ್ದಾನೆ. ಸ್ವಾತಂತ್ರ್ಯ ಬಂದ ಮೇಲೆ 1956ರಲ್ಲಿ ತೂಕ ಮತ್ತು ಅಳತೆಯ ಕಾನೂನು ಆಯಿತು. 1962ರ ಹೊತ್ತಿಗೆ ವ್ಯಾಪಾರದಲ್ಲಿ ಮೆಟ್ರಿಕ್ ತೂಕ ಕಡ್ಡಾಯವಾಯಿತು. ಅಂಗಡಿಯಿಂದ ಸೇರು ಹೋಯಿತು, ಮನೆಯಲ್ಲಿ ಉಳಿಯಿತು.

ಇನ್ನು ನಮ್ಮ ಮನೆಯ ಸಂಗತಿ. ಇದನ್ನು ಬರೆಯಬೇಕೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ಹುಣಸೆಹಣ್ಣು ಹಾಕಿ ಎಷ್ಟು ತಿಕ್ಕಿದರೂ ಈ ಸೇರಿನ ಒಳಗೆ ತಳದಿಂದ ಒಂದು ಬೆರಳು ಮೇಲೆ ಸುತ್ತಲೂ ಒಂದು ಕಪ್ಪು ಗೆರೆ ಕಾಣುತ್ತದೆ. ನಾನು ಹತ್ತನೇ ಕ್ಲಾಸಿನಲ್ಲಿದ್ದಾಗ ಅಜ್ಜಿಯನ್ನು ಕೇಳಿದೆ. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಅದು ಅರಗಿನ ಗುರುತು ಕಣಪ್ಪ” ಅಂದರು.

ನಮ್ಮ ತಾತ ಊರಿನವರಿಗೆ ಮಳೆಗಾಲದಲ್ಲಿ ರಾಗಿ ಸಾಲ ಕೊಡುತ್ತಿದ್ದರು. ಸುಗ್ಗಿಯಲ್ಲಿ ಒಂದಕ್ಕೆ ಒಂದೂವರೆ ವಾಪಸು. ಮನೆಯಲ್ಲಿ ಎರಡು ಸೇರು ಇದ್ದವು. ಕೊಡುವ ಸೇರಿನ ತಳಕ್ಕೆ ಅರಗು ಹಾಕಿಸಿದ್ದರು, ಇಸ್ಕೊಳ್ಳೋ ಸೇರು ಪೂರ್ತಿ. ಒಂದು ವರ್ಷ ಸಾಲ ತಗೊಂಡು ಹೋದ ಒಬ್ಬ ಹೆಣ್ಣುಮಗಳು ಸಂಜೆ ವಾಪಸು ಬಂದು, “ನಮ್ಮ ಪಾವಿನಲ್ಲಿ ಅಳೆದರೆ ಕಡಿಮೆ ಬತ್ತದೆ ಗೌಡ್ರೇ” ಅಂದರಂತೆ. “ನಿನ್ನ ಪಾವೇ ಸರಿಯಿಲ್ಲ” ಎಂದು ತಾತ ಗದರಿಸಿ ಕಳಿಸಿದರಂತೆ. “ನಾನು ಬಾಗಿಲ ಹಿಂದೆ ನಿಂತು ಕೇಳಿಸ್ಕೊಂಡೆ. ಬಾಯಿ ಬಿಡಲಿಲ್ಲ” ಅಂತ ಹೇಳುವಾಗ ಅಜ್ಜಿ ನನ್ನ ಮುಖ ನೋಡಲಿಲ್ಲ. ತಾತ ತೀರಿಕೊಂಡ ಮೇಲೆ ಅಜ್ಜಿಯೇ ಸೇರನ್ನು ಒಲೆ ಮೇಲಿಟ್ಟು ಅರಗು ಕರಗಿಸಿ ಚೆಲ್ಲಿದರು. ಅಂದಿನಿಂದ ಅದು ನಮ್ಮ ಅಕ್ಕಿ ಅಳೆಯುವ ಸೇರು. ಇನ್ನೊಂದು ಭಾಗದಲ್ಲಿ ಚಿಕ್ಕಪ್ಪನ ಮನೆಗೆ ಹೋಯಿತು.

ಮೊನ್ನೆ ಡೈರಿಯ ಲೀಟರ್ ಅಳತೆ ತಂದು ಈ ಸೇರಿಗೆ ನೀರು ಸುರಿದು ನೋಡಿದೆ. ಪೂರ್ತಿ ತುಂಬಿದರೆ ಲೀಟರಿಗಿಂತ ಸ್ವಲ್ಪ ಹೆಚ್ಚು. ತಳದಿಂದ ಗೆರೆಯವರೆಗೆ ಅದರ ಹತ್ತರಲ್ಲೊಂದು ಪಾಲು. ಆ ಲೆಕ್ಕದಲ್ಲಿ ಇಪ್ಪತ್ತು ಸೇರು ಎಂದು ಕೊಟ್ಟದ್ದು ನಿಜವಾಗಿ ಹದಿನೆಂಟು, ವಾಪಸು ಪಡೆದದ್ದು ಪೂರ್ತಿ ಮೂವತ್ತು. ಬಾಯಿಮಾತಿನ ಬಡ್ಡಿ ನೂರಕ್ಕೆ ಐವತ್ತು, ಸೇರಿನ ಬಡ್ಡಿ ನೂರಕ್ಕೆ ಅರವತ್ತಾರರ ಮೇಲೆ. ಅದೂ ಬರೀ ಆರು ತಿಂಗಳಿಗೆ.

ಸಹಕಾರ ಏಕೆ ಹುಟ್ಟಿತು ಎಂಬುದಕ್ಕೆ ನನಗೆ ಈ ಗೆರೆಯೇ ಪಾಠ. ಸಾಲದ ಸುಳಿಯಿಂದ ರೈತನನ್ನು ಬಿಡಿಸಬೇಕೆಂದೇ 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾನೂನು ಬಂತು. ಮರುವರ್ಷ 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಊರಿನವರನ್ನು ಕೂಡಿಸಿ ಸಂಘ ಕಟ್ಟಿದರು. ನಮ್ಮ ಮೈಸೂರು ಸಂಸ್ಥಾನದಲ್ಲೂ ಅದೇ 1905ರಲ್ಲಿ ಸಹಕಾರ ಸಂಘಗಳ ಕಾಯಿದೆ ಆಯಿತು. ಕೊಡುವುದಕ್ಕೂ ತಗೊಳ್ಳುವುದಕ್ಕೂ ಒಂದೇ ಅಳತೆ, ಅದು ಎಲ್ಲರ ಕಣ್ಣೆದುರು ಇರಬೇಕು. ಸಹಕಾರ ಅಂದರೆ ನನಗೆ ತಿಳಿದ ಮಟ್ಟಿಗೆ ಇಷ್ಟೇ.

ಅಂದು ಕಡಿಮೆ ಬತ್ತದೆ ಎಂದು ಹೇಳಿ ಬರಿಗೈಲಿ ಹೋದವರ ಮೊಮ್ಮಕ್ಕಳು ಇಂದು ನಮ್ಮ ಡೈರಿಗೆ ಎರಡು ಹೊತ್ತೂ ಹಾಲು ಹಾಕುತ್ತಾರೆ. ನಾನು ಅದೇ ಸಂಘದ ನಿರ್ದೇಶಕ. ಅವರ ಕ್ಯಾನು ಯಂತ್ರದ ಮೇಲೆ ಕೂತಾಗಲೆಲ್ಲ ನನಗೆ ಆ ಗೆರೆ ಕಣ್ಣಮುಂದೆ ಬರುತ್ತದೆ. ಆದ್ದರಿಂದ ಈ ಹಬ್ಬದ ದಿನ ಆಡಳಿತ ಮಂಡಳಿಯ ಮುಂದೆ ನನ್ನದೊಂದು ಕೋರಿಕೆ. ತೂಕದ ಅಂಕಿ ಹಾಲು ಹಾಕುವವರ ಕಡೆಗೂ ಕಾಣುವಂತಿರಲಿ. ಫ್ಯಾಟು, ಡಿಗ್ರಿಯ ಚೀಟಿ ಆಗಿಂದಾಗಲೇ ಅವರ ಕೈಗೆ ಸಿಗಲಿ. ಯಾರಾದರೂ ಕಡಿಮೆ ಬತ್ತದೆ ಅಂದರೆ ಗದರಿಸದೆ ಅವರ ಎದುರಿಗೇ ಇನ್ನೊಮ್ಮೆ ಅಳೆದು ತೋರಿಸೋಣ.

ಸೇರನ್ನು ಹಳೇ ಪಾತ್ರೆಯವನಿಗೆ ಹಾಕಿ ಹೊಸದು ತಗೊಳ್ಳಿ ಎಂದು ಕೆಲವರು ಹೇಳಿದ್ದಾರೆ. ನಾನು ಕೊಡುವುದಿಲ್ಲ. ನಾಳೆ ನನ್ನ ಮಗನಿಗೆ ಬರುವ ಸೊಸೆಯೂ ಇದನ್ನೇ ತಳ್ಳಿ ಒಳಗೆ ಬರಲಿ, ಆ ಗೆರೆ ಏನೆಂದು ಅವಳೂ ಕೇಳಲಿ. ನೋಡಬೇಕೆನ್ನುವ ಸದಸ್ಯ ಬಾಂಧವರು ಮನೆಗೆ ಬನ್ನಿ, ತೋರಿಸುತ್ತೇನೆ. ಸಂಘ ಬೆಳ್ಳಿಯಿಂದ ಬಂಗಾರದ ಹಬ್ಬಕ್ಕೆ ನಡೆಯಲಿ, ಅಳತೆ ಹೀಗೇ ಪೂರ್ತಿ ಇರಲಿ ಎಂದು ಹಾರೈಸುತ್ತೇನೆ.