ತಲೆ ಎಣಿಸುವವನ ಪಾಡು

ಹತ್ತು ಜನರನ್ನು ಹತ್ತು ಕಯಾಕುಗಳಲ್ಲಿ ಕೂರಿಸಿಕೊಂಡು ನೀರಿಗಿಳಿಯುವುದು ಅಂದರೆ ಮದುವೆ ದಿಬ್ಬಣ ಹೊರಡಿಸಿದ ಹಾಗೆ ಸ್ವಾಮಿ. ಒಬ್ಬನಿಗೆ ಹೊರಡುವ ಹೊತ್ತಿಗೇ ಕೈಗವಸು ಮರೆತದ್ದು ನೆನಪಾಗುತ್ತದೆ. ಇನ್ನೊಬ್ಬಳಿಗೆ ನೀರಿನ ನಡುವೆ ಫೋಟೋ ತೆಗೆಯಬೇಕು. ಗಟ್ಟಿ ತೋಳಿನವರಿಬ್ಬರು ಹಿಂದೆ ತಿರುಗಿ ನೋಡದೆ ದಿಗಂತದ ಕಡೆ ಹೊರಟುಬಿಡುತ್ತಾರೆ. ಬಾಲದಲ್ಲಿ ಒಬ್ಬ ಪಾಪದವನು ಹುಟ್ಟು ಹಾಕುತ್ತಾ ಹಾಕುತ್ತಾ ಅಲ್ಲೇ ಸುತ್ತು ಹೊಡೆಯುತ್ತಿರುತ್ತಾನೆ. ಮುಂದಾಳು ಅನ್ನಿಸಿಕೊಂಡ ನಾನು ಇಬ್ಬರ ನಡುವೆ ಓಡಾಡುತ್ತಾ ಒಂದು, ಎರಡು, ಮೂರು ಅಂತ ತಲೆ ಎಣಿಸುತ್ತಿರುತ್ತೇನೆ. ಹತ್ತು ಬಂದರೆ ಸಮಾಧಾನ. ಒಂಬತ್ತು ಬಂದರೆ ಹೊಟ್ಟೆಯೊಳಗೆ ಕಲ್ಲು ಬಿದ್ದಂತೆ. ಮತ್ತೆ ಎಣಿಸಿದಾಗ ನನ್ನನ್ನೇ ಎಣಿಸಿಕೊಂಡಿರಲಿಲ್ಲ ಅಂತ ಗೊತ್ತಾಗುತ್ತದೆ!

ಕೆಲಸದ ನೆಪದಲ್ಲಿ ಇಂಗ್ಲೆಂಡಿನ ದಕ್ಷಿಣ ಕರಾವಳಿಗೆ ಬಂದು ಬಿದ್ದವನು ನಾನು. ಹುಟ್ಟಿದ್ದು ಕುಂದಾಪುರದ ಕಡೆ. ಗಂಗೊಳ್ಳಿಯ ಅಳಿವೆ ನೋಡುತ್ತಾ ಬೆಳೆದವನಿಗೆ ಪೋರ್ಟ್ಸ್‌ಮತ್ ಪಕ್ಕದ ಲ್ಯಾಂಗ್‌ಸ್ಟನ್ ಹಾರ್ಬರಿನ ಬಾಯಿ ನೋಡಿದಾಗ ಊರಿನ ನೆನಪೇ ಬಂದಿತ್ತು. ಇಳಿತದ ಹೊತ್ತಿನಲ್ಲಿ ಅಷ್ಟು ದೊಡ್ಡ ಕೊಳದ ನೀರೆಲ್ಲ ಕಿರಿದಾದ ಬಾಯಲ್ಲಿ ನುಗ್ಗಿ ಹೊರಗೆ ಹೋಗುತ್ತದೆ. ಆಗ ಎದುರು ಹುಟ್ಟು ಹಾಕಿದರೆ ನಿಂತಲ್ಲೇ ನಿಲ್ಲುವುದೇ ದೊಡ್ಡ ಸಾಧನೆ. ನನ್ನ ಸೋದರಮಾವ ಹೇಳುತ್ತಿದ್ದರು, "ಅಳಿವಿ ಕಂಡ್ರೆ ಹೆದ್ರ್ಕ್ ಮಾರಾಯ" ಅಂತ. ಇಲ್ಲಿನ ತರಬೇತಿಯಲ್ಲಿ ಎರಡು ದಿನ ಸ್ಲೈಡು ತೋರಿಸಿ ಹೇಳಿದ್ದೂ ಅದನ್ನೇ.

ಇದನ್ನೆಲ್ಲ ಯಾಕೆ ಹೇಳಿದೆ ಅಂದರೆ, ಇದೇ ನೀರಲ್ಲಿ, ಇದೇ ಸೌತ್‌ಸೀ ದಂಡೆಯಲ್ಲಿ 1942ರಲ್ಲಿ ಇನ್ನೊಬ್ಬ ಮುಂದಾಳು ತನ್ನ ಹುಡುಗರನ್ನು ಕಟ್ಟಿಕೊಂಡು ಹುಟ್ಟು ಹಾಕುವುದು ಕಲಿಸುತ್ತಿದ್ದ. ಹೆಸರು ಹರ್ಬರ್ಟ್ ಹ್ಯಾಸ್ಲರ್. ಬ್ರಿಟನ್ನಿನ ರಾಯಲ್ ಮರೀನ್ಸ್ ಪಡೆಯ ಮೇಜರ್. ಹೊಂಬಣ್ಣದ ಮೀಸೆಯ ದೆಸೆಯಿಂದ ಎಲ್ಲರ ಬಾಯಲ್ಲೂ 'ಬ್ಲಾಂಡಿ'. ವಯಸ್ಸು 28. ಅವನ ಜತೆಗಿದ್ದವರಲ್ಲಿ ಬಹುತೇಕರು ಇಪ್ಪತ್ತರ ಆಸುಪಾಸಿನ ಹುಡುಗರು, ಮೊದಲು ದೋಣಿಯ ಸಹವಾಸವೇ ಇಲ್ಲದವರು. 'ಅಪಾಯದ ಕೆಲಸ, ಮನಸ್ಸಿದ್ದವರು ಬನ್ನಿ' ಅಂದಾಗ ಬಂದವರು, ಅಷ್ಟೇ.

ಕೆಲಸವೇನು? ಜಪಾನಿನ ಹಿಡಿತದಲ್ಲಿದ್ದ ಪೂರ್ವದ ನಾಡುಗಳಿಂದ ರಬ್ಬರು ಮುಂತಾದ ಸಾಮಾನು ಹೊತ್ತ ಹಡಗುಗಳು ಬ್ರಿಟಿಷರ ಕಣ್ಣು ತಪ್ಪಿಸಿ ಫ್ರಾನ್ಸಿನ ಬೋರ್ಡೋ ಬಂದರಿಗೆ ಬರುತ್ತಿದ್ದವು. ಫ್ರಾನ್ಸ್ ಆಗ ಜರ್ಮನರ ಕೈಯಲ್ಲಿತ್ತು. ಬಂದರು ಇರುವುದು ಸಮುದ್ರದ ದಂಡೆಯಲ್ಲಲ್ಲ, ಜಿರೋಂಡ್ ಅಳಿವೆಯ ಒಳಗೆ ನೂರು ಕಿಲೋಮೀಟರಿನಷ್ಟು ದೂರದಲ್ಲಿ. ಬಾಂಬು ಹಾಕಿದರೆ ಊರಿನ ಜನ ಸಾಯುತ್ತಾರೆ. ಹಾಗಾಗಿ ರಾತ್ರಿ ಹೊತ್ತು ಪುಟ್ಟ ದೋಣಿಗಳಲ್ಲಿ ಹೋಗಿ, ಹಡಗುಗಳ ಹೊಟ್ಟೆಗೆ ಅಯಸ್ಕಾಂತದ ಬಾಂಬು ಅಂಟಿಸಿ ಬರುವುದು ಅಂತ ಯೋಜನೆ. ಇಟ್ಟ ಹೆಸರು ಆಪರೇಷನ್ ಫ್ರಾಂಕ್ಟನ್. ದೋಣಿ ಅಂದರೆ ಇಬ್ಬರು ಕೂರುವ, ಮಡಚಿಡಬಹುದಾದ, ಕ್ಯಾನ್ವಾಸ್ ಪಕ್ಕಗಳ, ಹದಿನೈದು ಅಡಿಯ 'ಕಾಕಲ್ ಮಾರ್ಕ್ 2'. ಇಂಗ್ಲಿಷರು ಅದನ್ನು ಕೆನೂ ಅನ್ನುತ್ತಾರೆ. ಎರಡೂ ಕಡೆ ಅಲಗಿರುವ ಹುಟ್ಟು ಹಿಡಿದು ಕೂತವನನ್ನು ನೋಡಿದರೆ ನಾವು ಕಯಾಕ್ ಅಂತಲೇ ಕರೆಯುತ್ತೇವೆ. ಒಂದೊಂದು ದೋಣಿಯಲ್ಲೂ ಎಂಟೆಂಟು ಬಾಂಬು!

ಈ ಪಡೆಗಳ ಮೇಲಧಿಕಾರಿ ಯಾರು ಗೊತ್ತೇ? ನಮ್ಮ ಪಾಠಪುಸ್ತಕದ ಕೊನೆಯ ವೈಸ್‌ರಾಯ್ ಮೌಂಟ್‌ಬ್ಯಾಟನ್. ಹ್ಯಾಸ್ಲರನ ಅನುಭವ ಬೆಲೆಬಾಳುವಂಥದ್ದು, ಅವನು ಹೋಗುವುದು ಬೇಡ ಅನ್ನುವ ಮಾತು ಮೇಲಿನಿಂದ ಬಂದಿತ್ತು. ಹ್ಯಾಸ್ಲರ್ ಹಟ ಹಿಡಿದ. ನಾನು ಮನೆಯಲ್ಲಿದ್ದು ಹುಡುಗರು ಮರಳಿ ಬರದೇ ಹೋದರೆ ಮುಂದೆ ಈ ಪಡೆಗೆ ಮುಖ ತೋರಿಸುವುದು ಹೇಗೆ ಅನ್ನುವುದು ಅವನ ವಾದ. ಕೊನೆಗೆ ಒಪ್ಪಿಗೆ ಸಿಕ್ಕಿತು. ಇದನ್ನು ಓದುವಾಗಲೇ ಈ ಮನುಷ್ಯ ನನಗೆ ಹತ್ತಿರದವನು ಅನ್ನಿಸಿದ್ದು. ಗುಂಪು ಕಟ್ಟಿದವನು ಗುಂಪಿನ ಜತೆಗೇ ಒದ್ದೆಯಾಗಬೇಕು.

ಹೊರಡುವ ಮುಂಚೆ ಥೇಮ್ಸ್ ನದಿಯ ಅಳಿವೆಯಲ್ಲಿ ಮಾರ್ಗೇಟಿನಿಂದ ಡೆಪ್ಟ್‌ಫರ್ಡಿನವರೆಗೆ ಒಂದು ತಾಲೀಮು ನಡೆಯಿತು. ಪೂರ್ತಿ ಫಜೀತಿ. ದೋಣಿಗಳು ಚದುರಿದವು, ಕಾವಲಿನವರ ಕಣ್ಣಿಗೆ ಬಿದ್ದವು. ಇಂಥ ತಾಲೀಮಿನ ಸಂಜೆ ಮುಂದಾಳಿನ ಮುಖ ಹೇಗಿರುತ್ತದೆ ಅಂತ ನನಗೆ ಚೆನ್ನಾಗಿ ಗೊತ್ತು. ಎಲ್ಲರೂ ಚಹಾ ಕುಡಿಯುತ್ತಾ ನಗುತ್ತಿರುತ್ತಾರೆ, ಇವನೊಬ್ಬ ಮಾತ್ರ ಮೂಲೆಯಲ್ಲಿ ನಿಂತು ಎಲ್ಲಿ ತಪ್ಪಿತು ಅಂತ ಲೆಕ್ಕ ಹಾಕುತ್ತಿರುತ್ತಾನೆ.

1942ರ ನವೆಂಬರ್ 30ಕ್ಕೆ ಎಚ್‌ಎಂಎಸ್ ಟ್ಯೂನಾ ಅನ್ನುವ ಜಲಾಂತರ್ಗಾಮಿ ಸ್ಕಾಟ್ಲೆಂಡಿನಿಂದ ಹೊರಟಿತು. ಹೊರಟ ಮೇಲೆಯೇ ಹ್ಯಾಸ್ಲರ್ ಹುಡುಗರಿಗೆ ಎಲ್ಲಿಗೆ, ಯಾತಕ್ಕೆ ಅಂತ ಬಾಯಿಬಿಟ್ಟದ್ದು. ಕರೆದೊಯ್ಯಲು ಜಲಾಂತರ್ಗಾಮಿ ಮತ್ತೆ ಬರುವುದಿಲ್ಲ, ಕೆಲಸ ಮುಗಿಸಿ ನಡೆದೇ ಸ್ಪೇನ್ ತಲುಪಬೇಕು ಅನ್ನುವುದೂ ಆಗಲೇ ಗೊತ್ತಾಗಿದ್ದು.

ಡಿಸೆಂಬರ್ 7ರ ರಾತ್ರಿ. ಆರು ದೋಣಿ, ಹನ್ನೆರಡು ಜನ. ಕ್ಯಾಟ್‌ಫಿಶ್, ಕ್ರೇಫಿಶ್, ಕಾಂಗರ್, ಕಟ್ಲ್‌ಫಿಶ್, ಕೋಲ್‌ಫಿಶ್, ಕ್ಯಾಷಲಾಟ್. ಎಲ್ಲವೂ ಸಮುದ್ರದ ಜೀವಿಗಳ ಹೆಸರೇ. ದೋಣಿಗಳನ್ನು ಜಲಾಂತರ್ಗಾಮಿಯ ಬಾಗಿಲಿನಿಂದ ಹೊರಗೆ ದಾಟಿಸುವಾಗಲೇ ಕ್ಯಾಷಲಾಟ್‌ನ ಪಕ್ಕ ಬಾಗಿಲಿಗೆ ತಗುಲಿ ಹರಿಯಿತು. ಹ್ಯಾಸ್ಲರ್ ನೋಡಿದ, ನೀವು ಬರುವ ಹಾಗಿಲ್ಲ ಅಂದ. ಅದರಲ್ಲಿ ಹೋಗಬೇಕಿದ್ದ ಇಬ್ಬರಲ್ಲಿ ಫಿಷರ್ ಅನ್ನುವವನಿಗೆ ಅಳುವೇ ಬಂದಿತ್ತಂತೆ. ಗುಂಪಿನಲ್ಲಿ ಒಬ್ಬನಿಗೆ 'ಇವತ್ತು ನೀನು ಬೇಡ' ಅನ್ನುವುದಕ್ಕಿಂತ ಕೆಟ್ಟ ಕೆಲಸ ಇನ್ನೊಂದಿಲ್ಲ. ಎರಡು ವರ್ಷದ ಹಿಂದೆ ಗಾಳಿ ಜೋರಿದ್ದ ಒಂದು ಬೆಳಿಗ್ಗೆ ನನ್ನ ಒಳ್ಳೆಯ ಗೆಳೆಯನೊಬ್ಬನಿಗೆ ನಾನು ಹೀಗೇ ಹೇಳಿದ್ದೆ. ಮುನಿಸು ಬಿಡಲು ಅವನಿಗೆ ಆರು ತಿಂಗಳು ಬೇಕಾಯಿತು.

ಐದು ದೋಣಿಗಳು ಕತ್ತಲಲ್ಲಿ ಹೊರಟವು. ಸುಮಾರು ಹೊತ್ತು ಎಲ್ಲ ಸರಿಯಾಗಿಯೇ ಇತ್ತು. ಆಮೇಲೆ ಮುಂದೆಲ್ಲೋ ನೀರು ಮೊರೆಯುವ ಸದ್ದು. ಅಳಿವೆಯ ಬಾಯಲ್ಲಿ ಉಬ್ಬರದ ನೀರು ತಗ್ಗು ತೆವರಿನ ಮೇಲೆ ನುಗ್ಗುವಾಗ ಅಲೆಗಳು ಎಲ್ಲ ದಿಕ್ಕಿನಿಂದಲೂ ಎದ್ದು ಕುದಿಯುತ್ತವೆ. ಗಾಳಿ ಇಲ್ಲದಿದ್ದರೂ ಕುದಿಯುತ್ತವೆ. ಅದನ್ನು ದಾಟಿ ಆಚೆ ಹೋಗಿ ಹ್ಯಾಸ್ಲರ್ ಎಣಿಸಿದ. ನಾಲ್ಕೇ. ಕೋಲ್‌ಫಿಶ್ ಇಲ್ಲ. ತಿರುಗಿ ಹೋಗಿ ಹುಡುಕಿದ. ಕಡಲಹಕ್ಕಿಯ ಕೂಗು ಅವರ ಗುರುತಿನ ಸದ್ದು. ಕೂಗಿದ. ಉತ್ತರವಿಲ್ಲ. ನೀರಿನ ಸೆಳೆತ ಮಾತ್ರ ಎಲ್ಲರನ್ನೂ ಒಳಗೆ ಎಳೆಯುತ್ತಲೇ ಇತ್ತು.

ಮುಂದೆ ಇನ್ನೊಂದು ಅಂಥದ್ದೇ ಜಾಗ, ಐದಡಿ ಎತ್ತರದ ಅಲೆ. ಈ ಸಲ ಕಾಂಗರ್ ಮಗುಚಿತು. ಜಾರ್ಜ್ ಶಿಯರ್ಡ್ ಮತ್ತು ಡೇವಿಡ್ ಮೊಫಾಟ್ ನೀರಿನಲ್ಲಿ. ಡಿಸೆಂಬರಿನ ನೀರು. ದೋಣಿಯಿಂದ ನೀರು ಚೆಲ್ಲಿ ಎತ್ತಲು ಆಗಲಿಲ್ಲ, ಅದನ್ನು ಅಲ್ಲೇ ಮುಳುಗಿಸಿದರು. ಇಬ್ಬರು ಕೂರುವ ದೋಣಿಯಲ್ಲಿ ಮೂರನೆಯವನಿಗೆ ಜಾಗವಿಲ್ಲ. ಶಿಯರ್ಡ್ ಒಂದು ದೋಣಿಯ ಹಿಂಬದಿಗೆ, ಮೊಫಾಟ್ ಇನ್ನೊಂದಕ್ಕೆ ನೇತುಬಿದ್ದರು. ಹೀಗೆ ಎಳೆದುಕೊಂಡು ಸಾಗಿದರೆ ವೇಗವಿಲ್ಲ. ಉಬ್ಬರ ಮುಗಿಯುವ ಮುಂಚೆ ಒಳಗೆ ಹೋಗದಿದ್ದರೆ ಬೆಳಕು ಹರಿದಾಗ ಎಲ್ಲರೂ ಬಯಲಲ್ಲಿ. ದಡಕ್ಕೇ ಬಿಟ್ಟು ಬರೋಣ ಅಂದರೆ ದೀಪಸ್ತಂಭದ ಬೆಳಕಿನಲ್ಲಿ ಜರ್ಮನರ ಕಾವಲಿನವರಿಗೆ ಕಾಣುತ್ತದೆ. ಆದಷ್ಟು ದಡದ ಹತ್ತಿರಕ್ಕೆ ಒಯ್ದು ಹ್ಯಾಸ್ಲರ್ ನಿಂತ. ಇನ್ನು ಈಜಿಕೊಳ್ಳಿ ಅಂದ. ಕ್ಷಮಿಸಿ ಅಂದ. ಕೈ ಕುಲುಕಿದರು.

ಈ ಜಾಗಕ್ಕೆ ಬಂದಾಗಲೆಲ್ಲ ನಾನು ಪುಸ್ತಕ ಮುಚ್ಚಿಟ್ಟು ಸುಮ್ಮನೆ ಕೂರುತ್ತೇನೆ. ನಮಗೆ ತರಬೇತಿಯಲ್ಲಿ ಕಲಿಸಿದ ಮೊದಲ ಪಾಠವೇ ನೀರಿಗೆ ಬಿದ್ದವನನ್ನು ಬಿಡಬೇಡ ಅನ್ನುವುದು. ಉಳಿದ ದೋಣಿಗಳನ್ನು ಪಕ್ಕಪಕ್ಕ ಜೋಡಿಸಿ ತೆಪ್ಪದಂತೆ ಮಾಡು, ಬಿದ್ದವನನ್ನು ಮೇಲಕ್ಕೆಳೆ, ಹಗ್ಗ ಕಟ್ಟು, ಹತ್ತಿರದ ದಡಕ್ಕೆ ಎಲ್ಲರನ್ನೂ ಕರೆದೊಯ್ಯಿ. ಹ್ಯಾಸ್ಲರನಿಗೆ ಇದೆಲ್ಲ ನನಗಿಂತ ನೂರುಪಾಲು ಚೆನ್ನಾಗಿ ಗೊತ್ತಿತ್ತು. ಆದರೆ ಅವನಿಗಿದ್ದ ಅಪ್ಪಣೆ ಎಲ್ಲರನ್ನೂ ಮನೆಗೆ ತಲುಪಿಸು ಅಂತಲ್ಲ, ಬೋರ್ಡೋ ತಲುಪು ಅಂತ. ಸಿನೆಮಾದಲ್ಲಿ (1955ರಲ್ಲಿ ಬಂತು, 'ಕಾಕಲ್‌ಶೆಲ್ ಹೀರೋಸ್'. ಆ ಹೆಸರು ಹ್ಯಾಸ್ಲರನಿಗೆ ಹಿಡಿಸಿರಲಿಲ್ಲ) ಇಂಥದ್ದನ್ನೆಲ್ಲ ಸಾಹಸ ಅಂತ ತೋರಿಸುವುದು ಸುಲಭ. ನನಗೆ ಅದು ಸಾಹಸವಾಗಿ ಕಾಣುವುದಿಲ್ಲ. ತಪ್ಪು ಅನ್ನಲೂ ಬಾಯಿ ಬರುವುದಿಲ್ಲ. ಬೆಚ್ಚಗೆ ಮನೆಯಲ್ಲಿ ಕೂತು ತೀರ್ಪು ಕೊಡುವ ಯೋಗ್ಯತೆ ನನಗಿಲ್ಲ ಅನ್ನುವುದಷ್ಟೇ ಗೊತ್ತು. ಮೊಫಾಟ್‌ನ ಹೆಣ ಆಮೇಲೆ ಉತ್ತರದ ರೇ ದ್ವೀಪದ ದಡದಲ್ಲಿ ಸಿಕ್ಕಿತು. ಶಿಯರ್ಡ್ ಸಿಗಲೇ ಇಲ್ಲ.

ಅದೇ ರಾತ್ರಿ ಲಂಗರು ಹಾಕಿದ್ದ ಜರ್ಮನ್ ಕಾವಲು ಹಡಗುಗಳ ನಡುವೆ ಒಂದೊಂದಾಗಿ ನುಸುಳುವಾಗ ಕಟ್ಲ್‌ಫಿಶ್ ಕೂಡ ಕಣ್ಮರೆಯಾಯಿತು. ಬೆಳಕು ಹರಿಯುವಾಗ ದಡ ಹತ್ತಿದ್ದು ಎರಡೇ ದೋಣಿ. ಹ್ಯಾಸ್ಲರ್ ಮತ್ತು ಬಿಲ್ ಸ್ಪಾರ್ಕ್ಸ್ ಕ್ಯಾಟ್‌ಫಿಶ್‌ನಲ್ಲಿ, ಲೇವರ್ ಮತ್ತು ಮಿಲ್ಸ್ ಕ್ರೇಫಿಶ್‌ನಲ್ಲಿ. ದಡದಲ್ಲಿ ಅವಿತುಕೊಂಡವರ ಮುಂದೆ ಫ್ರೆಂಚ್ ಮೀನುಗಾರರು, ಹೆಂಗಸರು ಬಂದು ನಿಂತರು. ಹ್ಯಾಸ್ಲರ್ ತನಗೆ ಬರುವ ಫ್ರೆಂಚಿನಲ್ಲಿ ಯಾರಿಗೂ ಹೇಳಬೇಡಿ ಅಂತ ಕೇಳಿಕೊಂಡ. ಆ ಜನ ಹಿಡಿದುಕೊಡಲಿಲ್ಲ.

ಮುಂದಿನ ರಾತ್ರಿಗಳು ಬೇರೆಯೇ. ಹಗಲು ಜೊಂಡಿನಲ್ಲಿ ಮಲಗುವುದು, ರಾತ್ರಿ ಉಬ್ಬರ ಹಿಡಿದು ಮೇಲಕ್ಕೆ ಹೋಗುವುದು. ಎರಡನೆಯ ರಾತ್ರಿ ಆರು ಗಂಟೆಯಲ್ಲಿ 22 ಮೈಲಿ. ಉಬ್ಬರದ ಬೆನ್ನೇರಿ ಸದ್ದಿಲ್ಲದೆ ಹೋಗುವ ಸುಖ ಅನುಭವಿಸಿದವರಿಗೇ ಗೊತ್ತು. ಮೈಕೊರೆಯುವ ಚಳಿಯಲ್ಲೂ, ಆ ಭಯದಲ್ಲೂ ಅವರಿಗೆ ಒಂದು ಘಳಿಗೆ ಆ ಸುಖ ಸಿಕ್ಕಿರಬಹುದು ಅಂತ ನಾನು ಅಂದುಕೊಳ್ಳುತ್ತೇನೆ.

ಡಿಸೆಂಬರ್ 11ರ ರಾತ್ರಿ ಬೋರ್ಡೋ. ಎರಡು ದೋಣಿ, ಹದಿನಾರು ಬಾಂಬು. ಕ್ಯಾಟ್‌ಫಿಶ್ ಒಂದು ಹಡಗಿನ ಪಕ್ಕದಲ್ಲಿದ್ದಾಗ ಮೇಲಿನಿಂದ ಕಾವಲಿನವನು ಟಾರ್ಚು ಬಿಟ್ಟ. ಇಬ್ಬರೂ ಮುಂದಕ್ಕೆ ಬಾಗಿ ಕಲ್ಲಿನಂತೆ ಕೂತರು. ಬೆಳಕು ಅವರ ಮೇಲೆ ಬಿತ್ತು, ಅವನಿಗೆ ಏನೂ ಕಾಣಲಿಲ್ಲ. ಕೆಲಸ ಮುಗಿಸಿ ಇಳಿತದಲ್ಲಿ ವಾಪಸು ಬರುವಾಗ ನದಿಯ ನಡುವೆ ಹಿಂದಿನಿಂದ ಹುಟ್ಟಿನ ಸದ್ದು. ಲೇವರ್ ಮತ್ತು ಮಿಲ್ಸ್! ಯಾವ ಏರ್ಪಾಡೂ ಇಲ್ಲದೆ ಆಕಸ್ಮಿಕವಾಗಿ ಸಿಕ್ಕವರು. ಆ ಹೊತ್ತಿಗೆ ಹ್ಯಾಸ್ಲರನ ಎಣಿಕೆ ಸರಿ ಬಂದಿತ್ತು, ನಾಲ್ಕಕ್ಕೆ ನಾಲ್ಕು. ಸ್ವಲ್ಪ ದೂರ ಜತೆಯಾಗಿ ಹೋಗಿ, ಬ್ಲೇ ಊರಿನ ಹತ್ತಿರ ಬೇರೆಯಾದರು. ಜತೆಗಿದ್ದರೆ ಸಿಕ್ಕಿಬೀಳುವ ಅಪಾಯ ಹೆಚ್ಚು, ಜೋಡಿ ಜೋಡಿಯಾಗಿ ನಡೆಯಬೇಕು. ಆಮೇಲೆ ಅವರು ಒಬ್ಬರನ್ನೊಬ್ಬರು ನೋಡಲಿಲ್ಲ.

ಬೆಳಿಗ್ಗೆ ಬಾಂಬು ಸಿಡಿದು ಐದು ಹಡಗುಗಳಿಗೆ ಹಾನಿಯಾಯಿತು. ಇಲ್ಲೊಂದು ಹೊಟ್ಟೆ ಉರಿಸುವ ಸಂಗತಿ ಇದೆ. ಬ್ರಿಟನ್ನಿನದೇ ಇನ್ನೊಂದು ಗುಪ್ತ ಸಂಸ್ಥೆ, ಎಸ್‌ಒಇ, ಅದೇ ಬಂದರಿನಲ್ಲಿ ಹಡಗುಗಳಿಗೆ ಬಾಂಬು ಇಡಲು ತನ್ನ ಜನರನ್ನು ತಯಾರು ಮಾಡಿಕೊಂಡಿತ್ತು. ಕ್ಲಾಡ್ ದ ಬೈಸಾಕ್ ಅನ್ನುವವನು ಆ ಜನರ ಮುಖ್ಯಸ್ಥ. ಇವರ ವಿಷಯ ಅವರಿಗೆ ಗೊತ್ತಿಲ್ಲ, ಅವರದ್ದು ಇವರಿಗಿಲ್ಲ. ಒಂದೇ ಊರಿನ ಎರಡು ಕಚೇರಿಗಳು ಮಾತಾಡಿಕೊಂಡಿದ್ದರೆ ಈ ಹುಡುಗರು ಆ ಅಳಿವೆಯ ಬಾಯಿಗೆ ಹೋಗಬೇಕಿತ್ತೇ? ಕಚೇರಿ ಕೆಲಸ ಮಾಡುವ ನಮಗೆ ಇದೇನೂ ಹೊಸದಲ್ಲ ಬಿಡಿ, ಆದರೆ ನಮ್ಮಲ್ಲಿ ಜೀವ ಹೋಗುವುದಿಲ್ಲ.

ಹ್ಯಾಸ್ಲರ್ ಮತ್ತು ಸ್ಪಾರ್ಕ್ಸ್ ನೂರು ಮೈಲಿಯಷ್ಟು ನಡೆದು ಡಿಸೆಂಬರ್ 18ಕ್ಕೆ ರುಫೆಕ್ ಅನ್ನುವ ಊರು ಸೇರಿದರು. ಅಲ್ಲಿಂದ ಫ್ರೆಂಚ್ ಹಿತೈಷಿಗಳು ಕೈಯಿಂದ ಕೈಗೆ ದಾಟಿಸಿ ಸ್ಪೇನ್ ತಲುಪಿಸಿದರು. 1943ರ ಏಪ್ರಿಲ್‌ನಲ್ಲಿ ಹ್ಯಾಸ್ಲರ್ ಇಂಗ್ಲೆಂಡಿಗೆ ಬಂದ. ಹೊರಟ ಹತ್ತು ಜನರಲ್ಲಿ ಮರಳಿದ್ದು ಇವರಿಬ್ಬರೇ. ಕೋಲ್‌ಫಿಶ್‌ನ ವ್ಯಾಲೇಸ್ ಮತ್ತು ಯೂವರ್ಟ್ ಮೊದಲ ಬೆಳಿಗ್ಗೆಯೇ ದಡದಲ್ಲಿ ಸೆರೆಸಿಕ್ಕಿದ್ದರು. ವಿಚಾರಣೆಯಲ್ಲಿ ಜತೆಗಾರರ ಸುಳಿವು ಬಿಟ್ಟುಕೊಡಲಿಲ್ಲ. ಡಿಸೆಂಬರ್ 11ರ ರಾತ್ರಿ, ಹ್ಯಾಸ್ಲರ್ ಬೋರ್ಡೋದಲ್ಲಿ ಬಾಂಬು ಅಂಟಿಸುತ್ತಿದ್ದ ಅದೇ ರಾತ್ರಿ, ಅವರನ್ನು ಗುಂಡಿಟ್ಟು ಕೊಂದರು. ಕಟ್ಲ್‌ಫಿಶ್‌ನ ಮೆಕಿನನ್ ಮತ್ತು ಕಾನ್ವೇ, ಕೊನೆಗೆ ಲೇವರ್ ಮತ್ತು ಮಿಲ್ಸ್ ಕೂಡ ಸಿಕ್ಕಿಬಿದ್ದು ಹತರಾದರು. ಸಮವಸ್ತ್ರದಲ್ಲಿದ್ದರೂ ಕಮಾಂಡೊಗಳನ್ನು ಕೊಲ್ಲಿ ಅನ್ನುವ ಹಿಟ್ಲರನ ಆಜ್ಞೆ 1942ರ ಅಕ್ಟೋಬರ್ 18ರಂದೇ ಹೊರಬಿದ್ದಿತ್ತು.

ಯುದ್ಧ ಮುಗಿದ ಮೇಲೆ ಹ್ಯಾಸ್ಲರ್ ಹಾಯಿದೋಣಿಗಳ ಹಿಂದೆ ಬಿದ್ದ. ಚುಕ್ಕಾಣಿ ಹಿಡಿಯುವವರಿಲ್ಲದೆಯೂ ಗಾಳಿಯ ದಿಕ್ಕು ನೋಡಿ ತಾನೇ ದಾರಿ ಹಿಡಿಯುವ ಸಾಧನ ಮಾಡಿದ. 1960ರಲ್ಲಿ ಅಟ್ಲಾಂಟಿಕ್ ದಾಟುವ ಒಂಟಿ ನಾವಿಕರ ಪಂದ್ಯ ನಡೆಯಿತಲ್ಲ, ಅದು ಇವನದೇ ಕಲ್ಪನೆ. ಫ್ರಾನ್ಸಿಸ್ ಚಿಚೆಸ್ಟರ್ 40 ದಿನದಲ್ಲಿ ಮೊದಲು ತಲುಪಿದ. 'ಜೆಸ್ಟರ್' ಅನ್ನುವ ಪುಟ್ಟ ದೋಣಿಯಲ್ಲಿ ಹ್ಯಾಸ್ಲರ್ 48 ದಿನಕ್ಕೆ ಎರಡನೆಯವನು. ಒಂದು ದೋಣಿಗೆ ಒಬ್ಬನೇ, ಬೇರೆ ಯಾರನ್ನೂ ಎಣಿಸಬೇಕಾದ್ದಿಲ್ಲ. ಇದಕ್ಕೂ ಆ ಡಿಸೆಂಬರಿಗೂ ಸಂಬಂಧ ಇದೆಯೋ ಇಲ್ಲವೋ, ನಾನಂತೂ ಸಂಬಂಧ ಹಚ್ಚಿಕೊಂಡುಬಿಟ್ಟಿದ್ದೇನೆ.

ಹೋದ ಬೇಸಿಗೆಯಲ್ಲಿ ಎಸ್ಸೆಕ್ಸಿನ ಮಾಲ್ಡನ್ ಊರಿನ ಮ್ಯೂಸಿಯಮ್ಮಿಗೆ ಹೋಗಿದ್ದೆ. ಅಲ್ಲಿ ಕ್ಯಾಷಲಾಟ್ ಇದೆ. ಪಕ್ಕ ಹರಿದುಕೊಂಡು ಹೋಗಲಾಗದೆ ಉಳಿದ ಆರನೆಯ ದೋಣಿ, ಆ ಗುಂಪಿನಲ್ಲಿ ಉಳಿದಿರುವುದೂ ಅದೊಂದೇ. ನಮ್ಮ ಕಯಾಕುಗಳ ಮುಂದೆ ಆಟದ ಸಾಮಾನಿನಂತಿದೆ. ಜತೆಗೆ ನಮ್ಮ ಗುಂಪಿನ ಆರು ಜನ ಬಂದಿದ್ದರು, ಅಂದು ಮುನಿಸಿಕೊಂಡ ಗೆಳೆಯನೂ ಇದ್ದ. ಅವನು ಬಹಳ ಹೊತ್ತು ಅದರ ಮುಂದೆ ನಿಂತಿದ್ದ, ಏನೂ ಮಾತಾಡಲಿಲ್ಲ. ಹೊರಗೆ ಬಂದು ಕಾರು ಹತ್ತುವಾಗ ನಾನು ಅಭ್ಯಾಸಬಲದಿಂದ ಎಣಿಸಿದೆ. ಆರು. ಗಾಬರಿಯಾಗಿ ಇನ್ನೊಬ್ಬ ಎಲ್ಲಿ ಅಂದೆ.

"ನಿನ್ನನ್ನೂ ಎಣಿಸೋ ಮಾರಾಯ" ಅಂದ ಗೆಳೆಯ.