ಗೂಢಲಿಪಿ ವೇಗವರ್ಧಕಗಳು: ಚಾಲಕ ತಂತ್ರಾಂಶದ ಕಥೆ

1995ರಲ್ಲಿ ನೆಟ್‌ಸ್ಕೇಪ್ ಸಂಸ್ಥೆ ತನ್ನ ಬ್ರೌಸರಿನೊಂದಿಗೆ ಎಸ್‌ಎಸ್‌ಎಲ್ ಎಂಬ ಸುರಕ್ಷಿತ ಸಂಪರ್ಕ ವಿಧಾನವನ್ನು ಬಳಕೆಗೆ ತಂದಿತು. ಅಂತರಜಾಲದಲ್ಲಿ ಗುಟ್ಟಾಗಿ ಮಾಹಿತಿ ಕಳಿಸುವ ಅನುಕೂಲ ಸಾಮಾನ್ಯ ಬಳಕೆದಾರನಿಗೂ ದೊರೆತದ್ದು ಹೀಗೆ. ಮನೆಯ ಗಣಕಕ್ಕೆ ಇದೇನೂ ಭಾರವಾಗಲಿಲ್ಲ. ಭಾರ ಬಿದ್ದದ್ದು ಆ ಕಡೆ, ಏಕಕಾಲಕ್ಕೆ ನೂರಾರು ಜನರಿಗೆ ಉತ್ತರ ಕೊಡಬೇಕಾದ ಸರ್ವರ್ ಗಣಕದ ಮೇಲೆ.

ಎಷ್ಟು ಭಾರ ಎಂದು ಒಂದು ಲೆಕ್ಕ ಹಾಕಿ ನೋಡೋಣ. ಆರ್‌ಎಸ್‌ಎ ವಿಧಾನದಲ್ಲಿ ಸರ್ವರ್ ತನ್ನ ಖಾಸಗಿ ಕೀಲಿಯನ್ನು ಬಳಸುವುದೆಂದರೆ, ಒಂದು ದೊಡ್ಡ ಸಂಖ್ಯೆಯನ್ನು ಇನ್ನೊಂದು ದೊಡ್ಡ ಸಂಖ್ಯೆಯ ಘಾತಕ್ಕೆ ಏರಿಸಿ, ಮೂರನೆಯದರಿಂದ ಭಾಗಿಸಿದಾಗ ಉಳಿಯುವ ಶೇಷವನ್ನು ಕಂಡುಹಿಡಿಯುವುದು. ಕೀಲಿ 1024 ಬಿಟ್‌ಗಳದ್ದು ಎಂದುಕೊಳ್ಳಿ. ವರ್ಗ ಮಾಡುತ್ತಾ, ಬೇಕಾದ ಕಡೆ ಗುಣಿಸುತ್ತಾ ಹೋಗುವ ಸರಳ ಕ್ರಮದಲ್ಲಿ ಸುಮಾರು 1024 ವರ್ಗಗಳೂ ಸರಾಸರಿ 512 ಗುಣಾಕಾರಗಳೂ ಬೇಕು. ಒಟ್ಟು 1536. ಅಂದಿನ 32 ಬಿಟ್ ಪ್ರೊಸೆಸರು ಇಂಥ ಒಂದು ಸಂಖ್ಯೆಯನ್ನು 32 ತುಂಡುಗಳಾಗಿ ಇಟ್ಟುಕೊಳ್ಳುತ್ತದೆ. ಹಾಗಾಗಿ ಪ್ರತಿಯೊಂದು ದೊಡ್ಡ ಗುಣಾಕಾರಕ್ಕೂ 32×32 = 1024 ಸಣ್ಣ ಗುಣಾಕಾರಗಳು. ಲೆಕ್ಕ 15 ಲಕ್ಷವನ್ನು ದಾಟಿತು. ಶೇಷ ತೆಗೆಯುವ ಕೆಲಸ ಇನ್ನೂ ಬೇರೆ! ಚೀನೀ ಶೇಷ ಪ್ರಮೇಯವನ್ನು ಬಳಸಿ ಇದನ್ನು ಕಾಲು ಭಾಗದಷ್ಟಕ್ಕೆ ಇಳಿಸಬಹುದು, ನಿಜ. ಆದರೂ ಇದು ಒಬ್ಬ ಗ್ರಾಹಕನಿಗೆ ಬಾಗಿಲು ತೆರೆಯುವ ಖರ್ಚು ಮಾತ್ರ.

ಬಾಗಿಲು ತೆರೆದ ಮೇಲೆ ಸಾಗುವ ಮಾಹಿತಿಯನ್ನೂ ಗೂಢಲಿಪಿಗೆ ತಿರುಗಿಸಬೇಕು. ಅದಕ್ಕೆ ಆಗ ಬಳಸುತ್ತಿದ್ದ ವಿಧಾನಗಳಲ್ಲಿ ಮುಖ್ಯವಾದದ್ದು ಅಮೆರಿಕ ಸರ್ಕಾರ 1977ರಲ್ಲಿ ಮಾನಕವೆಂದು ಪ್ರಕಟಿಸಿದ ಡಿಇಎಸ್. ಇದರ ಹುಟ್ಟುಗುಣವೇ ಯಂತ್ರಾಂಶದ್ದು. ಬಿಟ್‌ಗಳ ಸ್ಥಾನವನ್ನು ಅದಲುಬದಲು ಮಾಡುವುದು ಅದರಲ್ಲಿ ಮತ್ತೆ ಮತ್ತೆ ಬರುತ್ತದೆ. ಚಿಪ್ಪಿನಲ್ಲಾದರೆ ಇದಕ್ಕೆ ಖರ್ಚೇ ಇಲ್ಲ. ತಂತಿಗಳನ್ನು ಅಡ್ಡಡ್ಡ ಎಳೆದರಾಯಿತು. ತಂತ್ರಾಂಶದಲ್ಲಿ ಅದೇ ಕೆಲಸಕ್ಕೆ ಸರಿಸು, ಮರೆಮಾಡು, ಕೂಡಿಸು ಎಂದು ಹಲವು ಆದೇಶಗಳು ಬೇಕು. 1998ರ ಜುಲೈನಲ್ಲಿ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ ಕಟ್ಟಿಸಿದ ಯಂತ್ರವೊಂದು 1800ಕ್ಕೂ ಹೆಚ್ಚು ವಿಶೇಷ ಚಿಪ್ಪುಗಳ ಬಲದಿಂದ 56 ಗಂಟೆಗಳಲ್ಲಿ ಡಿಇಎಸ್ ಕೀಲಿಯನ್ನು ಹುಡುಕಿ ತೆಗೆಯಿತು. ಅದರ ನಂತರ ಡಿಇಎಸ್ ಅನ್ನು ಮೂರು ಬಾರಿ ಬಳಸುವ ಟ್ರಿಪಲ್ ಡಿಇಎಸ್ ಬಿಟ್ಟರೆ ಗತಿಯಿಲ್ಲ ಎನ್ನುವಂತಾಯಿತು. ಕೆಲಸ ಮೂರು ಪಟ್ಟಾಯಿತು.

ಇದಕ್ಕೆಲ್ಲ ಪ್ರತ್ಯೇಕ ಚಿಪ್ಪನ್ನೇ ಇಡೋಣ ಎಂಬ ಆಲೋಚನೆ ಸಹಜವಾಗಿಯೇ ಬಂತು. ರೇನ್‌ಬೋ ಸಂಸ್ಥೆಯ ಕ್ರಿಪ್ಟೋಸ್ವಿಫ್ಟ್, ಎನ್‌ಸೈಫರ್, ಅಟಲ್ಲಾ, ಬ್ರಾಡ್‌ಕಾಮ್, ಹೈಫ್ನ್ ಮುಂತಾದ ಹೆಸರುಗಳು ಆ ಕಾಲದವು. ಸರ್ವರಿನ ಪಿಸಿಐ ಸ್ಲಾಟಿಗೆ ಸಿಕ್ಕಿಸುವ ಕಾರ್ಡು; ಅದರ ಮೇಲೆ ಗೂಢಲಿಪಿಯೊಂದನ್ನೇ ಬಲ್ಲ ಚಿಪ್ಪು.

ಕಾರ್ಡನ್ನು ಸಿಕ್ಕಿಸಿದರೆ ಸಾಕೆ? ಸಾಲದು. ಗಣಕಕ್ಕೆ ಆ ಚಿಪ್ಪು ಮೊದಮೊದಲು ಎರಡು ಸಂಖ್ಯೆಗಳಾಗಿ ಮಾತ್ರ ಕಾಣುತ್ತದೆ: ತಯಾರಕನ ಗುರುತು, ಸಾಧನದ ಗುರುತು. ಈ ಜೋಡಿಯನ್ನು ತನ್ನದೆಂದು ಗುರುತಿಸುವ ಚಾಲಕ ತಂತ್ರಾಂಶ, ಅಂದರೆ ಡ್ರೈವರ್, ಕಾರ್ಯಾಚರಣ ವ್ಯವಸ್ಥೆಯಲ್ಲಿ ಇರಬೇಕು. ಚಿಪ್ಪಿನ ರಿಜಿಸ್ಟರುಗಳನ್ನು ಸ್ಮೃತಿಯ ವಿಳಾಸಗಳಿಗೆ ಹೊಂದಿಸುವುದು ಅದರ ಕೆಲಸ. ಚಿಪ್ಪು ತಾನೇ ಓದಿಕೊಳ್ಳಬಲ್ಲ ಒಂದು ಜಾಗದಲ್ಲಿ ಕೆಲಸಗಳ ಪಟ್ಟಿಯನ್ನು ಸಾಲಾಗಿ ಬರೆದಿಡುವುದು, ಮುಗಿಯಿತು ಎಂದು ಚಿಪ್ಪು ಅಡ್ಡಿಸಂಕೇತ ಕೊಟ್ಟಾಗ ಫಲಿತಾಂಶವನ್ನು ಕೇಳಿದವರಿಗೆ ಮುಟ್ಟಿಸುವುದು ಕೂಡ ಅದರದೇ ಹೊಣೆ.

ಹೈಫ್ನ್ 7751 ಚಿಪ್ಪಿನ ಉದಾಹರಣೆ ಸ್ವಾರಸ್ಯಕರ. ಇದಕ್ಕೆ ಚಾಲಕ ಸೇರಿದ್ದು 2000ದ ಜೂನ್‌ನಲ್ಲಿ ಹೊರಬಂದ ಓಪನ್‌ಬಿಎಸ್‌ಡಿ 2.7ರಲ್ಲಿ. ಈ ಚಿಪ್ಪು ಚಾಲೂ ಆದಾಗ ಅದರ ಗೂಢಲಿಪಿ ವಿಭಾಗಕ್ಕೆ ಬೀಗ ಬಿದ್ದಿರುತ್ತದೆ. ಚಾಲಕವು ಕಾರ್ಡಿನ ತಯಾರಕನಿಗೆ ಸೇರಿದ 13 ಬೈಟ್‌ಗಳ ಗುರುತಿನಿಂದ ಒಂದು ಸಂಖ್ಯಾಸರಣಿಯನ್ನು ಲೆಕ್ಕಹಾಕಿ, ಒಂದೊಂದಾಗಿ ಚಿಪ್ಪಿಗೆ ಒಪ್ಪಿಸಿದರೆ ಬೀಗ ತೆರೆಯುತ್ತದೆ. ಇನ್ನೂ ಒಂದು ಎಚ್ಚರಿಕೆ ಬೇಕು. ಈಗಾಗಲೇ ತೆರೆದಿರುವ ಬೀಗವನ್ನು ಮತ್ತೊಮ್ಮೆ ತೆರೆಯಲು ಹೋದರೆ ಕಾರ್ಡು ಪೂರ್ತಿ ಮುಚ್ಚಿಕೊಂಡುಬಿಡುತ್ತದೆ! ಆದ್ದರಿಂದ ಚಾಲಕವು ಮೊದಲು ಬೀಗದ ಸ್ಥಿತಿಯನ್ನು ನೋಡಿಯೇ ಮುಂದುವರಿಯುತ್ತದೆ. ಇಂಥ ಸಂಗತಿಗಳನ್ನು ಚಿಪ್ಪನ್ನು ನೋಡಿ ಊಹಿಸಲಾಗದು. ತಯಾರಕನ ಕೈಪಿಡಿ ಕೈಯಲ್ಲಿರಲೇಬೇಕು.

ಓಪನ್‌ಬಿಎಸ್‌ಡಿಯ ಕೇಂದ್ರ ಕೆನಡಾದ ಕ್ಯಾಲ್ಗರಿ. ಅಮೆರಿಕವು ಪ್ರಬಲ ಗೂಢಲಿಪಿಯ ರಫ್ತಿನ ನಿಯಮಗಳನ್ನು ಸಡಿಲಿಸಿದ್ದು 2000ದ ಜನವರಿಯಲ್ಲಿ. ಅದಕ್ಕೆ ಮೊದಲೇ ಕೆನಡಾದ ಕಾನೂನಿನ ಆಸರೆಯಲ್ಲಿ ಈ ಗುಂಪು ಗೂಢಲಿಪಿಯನ್ನು ವ್ಯವಸ್ಥೆಯ ಒಳಗೇ ಸೇರಿಸಿ ಜಗತ್ತಿಗೆ ಹಂಚುತ್ತಿತ್ತು. ಆಂಜೆಲೋಸ್ ಕೆರೊಮಿಟಿಸ್, ಜೇಸನ್ ರೈಟ್, ಥಿಯೋ ಡೆ ರಾಟ್ ಇವರು ಸೇರಿ ಕಟ್ಟಿದ ಗೂಢಲಿಪಿ ಚೌಕಟ್ಟು ಮೊದಲು ಕಾಣಿಸಿಕೊಂಡದ್ದೂ 2.7ರಲ್ಲಿಯೇ. ಇದರ ವಿಚಾರ ಸರಳ. ಒಂದೊಂದು ಕಾರ್ಡಿನ ಚಾಲಕವೂ ತನಗೆ ಯಾವ ಯಾವ ವಿಧಾನ ಬರುತ್ತದೆ ಎಂದು ಚೌಕಟ್ಟಿನಲ್ಲಿ ಹೆಸರು ನೋಂದಾಯಿಸುತ್ತದೆ. ಕೆಲಸ ಬೇಕಾದವರು ಚೌಕಟ್ಟನ್ನು ಕೇಳಿದರೆ ಸಾಕು. ಮಾಡಿದ್ದು ಯಾವ ಕಾರ್ಡು ಎಂದು ತಿಳಿಯಬೇಕಿಲ್ಲ. ಕಾರ್ಡೇ ಇಲ್ಲದಿದ್ದರೆ ತಂತ್ರಾಂಶವೇ ಒಂದು ಕಾರ್ಡಿನ ವೇಷದಲ್ಲಿ ನೋಂದಾಯಿಸಿಕೊಂಡಿರುತ್ತದೆ. ಮೊದಲು ಇದು ವ್ಯವಸ್ಥೆಯ ಒಳಗಿನ ಐಪಿಸೆಕ್ ಬಳಕೆಗೆ ಸಿಕ್ಕಿತು. ಸಾಮಾನ್ಯ ತಂತ್ರಾಂಶಗಳೂ ಕೇಳಬಹುದಾದ ಸಾಧನ ಕಡತವೊಂದು 2001ರ ಕೊನೆಯಲ್ಲಿ ಬಂದ 3.0ರಲ್ಲಿ ಸೇರಿತು. ಸ್ಯಾಮ್ ಲೆಫ್ಲರ್ ಈ ಚೌಕಟ್ಟನ್ನು ಫ್ರೀಬಿಎಸ್‌ಡಿಗೆ ತಂದರು. ಲಿನಕ್ಸ್ ಬೇರೆಯೇ ಆದ ಚೌಕಟ್ಟನ್ನು 2002ರಲ್ಲಿ ಕಟ್ಟಿಕೊಂಡಿತು. ಮರುವರ್ಷದ ಡಿಸೆಂಬರಿನಲ್ಲಿ ಬಂದ 2.6ರೊಂದಿಗೆ ಅದು ಎಲ್ಲರ ಕೈಸೇರಿತು.

ಇಷ್ಟಾದ ಮೇಲೂ ಕಾರ್ಡು ಹಾಕಿದ ಹಲವರು ನಿರಾಶರಾದರು. ಏಕೆ?

ರಾಗಿ ಬೀಸುವುದನ್ನು ನೆನೆಸಿಕೊಳ್ಳಿ. ಗಿರಣಿಯಲ್ಲಿ ಮೂಟೆ ರಾಗಿ ಕ್ಷಣಾರ್ಧದಲ್ಲಿ ಹಿಟ್ಟಾಗುತ್ತದೆ. ಆದರೆ ಒಂದು ಪಾವು ರಾಗಿಗಾಗಿ ಯಾರೂ ಊರಾಚೆಯ ಗಿರಣಿಗೆ ಹೋಗುವುದಿಲ್ಲ. ಹೋಗಿ ಸರದಿಯಲ್ಲಿ ನಿಂತು ಬರುವಷ್ಟರಲ್ಲಿ ಮನೆಯ ಬೀಸುಕಲ್ಲಿನಲ್ಲೇ ಕೆಲಸ ಮುಗಿದಿರುತ್ತದೆ. ಪಿಸಿಐ ಬಸ್ಸು ಇಲ್ಲಿ ಗಿರಣಿಯ ದಾರಿ. 32 ಬಿಟ್ ಅಗಲ, 33 ಮೆಗಾಹರ್ಟ್ಸ್ ವೇಗದ ಬಸ್ಸಿನಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 133 ಮೆಗಾಬೈಟ್ ಸಾಗುತ್ತದೆ. ಮಾಹಿತಿ ಒಮ್ಮೆ ಹೋಗಬೇಕು, ಒಮ್ಮೆ ಬರಬೇಕು. ಅಲ್ಲಿಗೆ ಅರ್ಧ ಉಳಿಯಿತು. ಇದರ ಮೇಲೆ ಪ್ರತಿ ಸಲವೂ ವ್ಯವಸ್ಥೆಯನ್ನು ಕರೆಯುವ ಖರ್ಚು, ಮಾಹಿತಿಯನ್ನು ನಕಲು ಮಾಡುವ ಖರ್ಚು, ಅಡ್ಡಿಸಂಕೇತದ ಖರ್ಚು. ಕೆರೊಮಿಟಿಸ್ ಮತ್ತು ಸಂಗಡಿಗರು 2003ರಲ್ಲಿ ಯೂಸೆನಿಕ್ಸ್ ಸಮ್ಮೇಳನದಲ್ಲಿ ಮಂಡಿಸಿದ ಪ್ರಬಂಧ ಈ ಖರ್ಚನ್ನೇ ಅಳೆದು ತೋರಿಸಿತು. ಸಣ್ಣ ತುಂಡುಗಳಿಗೆ ಕಾರ್ಡಿನಿಂದ ನಷ್ಟ, ದೊಡ್ಡ ತುಂಡುಗಳಿಗೆ ಲಾಭ. ಆರ್‌ಎಸ್‌ಎ ವಿಷಯದಲ್ಲಿ ಚಿತ್ರ ಬೇರೆ: ಸಾಗಿಸಬೇಕಾದದ್ದು ಕೆಲವೇ ನೂರು ಬೈಟ್, ಲೆಕ್ಕವೋ ಲಕ್ಷಗಟ್ಟಲೆ. ಅಲ್ಲಿ ಗಿರಣಿಗೆ ಹೋಗುವುದೇ ಲೇಸು.

ಇದನ್ನು ನೀವೇ ಪರೀಕ್ಷಿಸಬಹುದು. ಓಪನ್‌ಎಸ್‌ಎಸ್‌ಎಲ್ ತಂತ್ರಾಂಶದ ಸ್ಪೀಡ್ ಎಂಬ ಆಜ್ಞೆ 16, 64, 256, 1024, 8192 ಬೈಟ್‌ಗಳ ತುಂಡುಗಳಿಗೆ ಬೇರೆ ಬೇರೆಯಾಗಿ ವೇಗವನ್ನು ತೋರಿಸುತ್ತದೆ. ಎರಡು ಮೋಸಗಳ ಬಗ್ಗೆ ಹುಷಾರಾಗಿರಿ. ಈ ಆಜ್ಞೆ ವಾಡಿಕೆಯಂತೆ ಅಳೆಯುವುದು ಪ್ರೊಸೆಸರು ದುಡಿದ ಸಮಯವನ್ನು, ಗೋಡೆ ಗಡಿಯಾರದ ಸಮಯವನ್ನಲ್ಲ. ಕೆಲಸವೆಲ್ಲ ಕಾರ್ಡಿನಲ್ಲಿ ನಡೆದರೆ ಪ್ರೊಸೆಸರು ದುಡಿದದ್ದು ಅತ್ಯಲ್ಪ. ಹಾಗಾಗಿ ಬರುವ ವೇಗ ನಂಬಲಾಗದಷ್ಟು ದೊಡ್ಡದು. ಮೊದಲ ಬಾರಿ ಇಂಥ ಅಂಕಿ ಕಂಡು ನಾನೂ ಹಿಗ್ಗಿ, ಇಬ್ಬರು ಸಹೋದ್ಯೋಗಿಗಳನ್ನು ಕರೆದು ತೋರಿಸಿ, ಆಮೇಲೆ ನಾಚಿಕೊಂಡದ್ದುಂಟು. ಎಲ್ಯಾಪ್ಸ್ಡ್ ಎಂಬ ಆಯ್ಕೆ ಕೊಟ್ಟರೆ ನಿಜವಾದ ಸಮಯ ಸಿಗುತ್ತದೆ. ಎರಡನೆಯದು, ಹಳೆಯ ಆವೃತ್ತಿಗಳಲ್ಲಿ ಇವಿಪಿ ಎಂಬ ಆಯ್ಕೆ ಕೊಡದಿದ್ದರೆ ಪರೀಕ್ಷೆ ಯಂತ್ರಾಂಶದ ಹತ್ತಿರಕ್ಕೂ ಹೋಗದೆ ಸಾದಾ ತಂತ್ರಾಂಶವನ್ನೇ ಅಳೆದು ಸುಮ್ಮನಾಗುತ್ತದೆ.

ಚಾಲಕ ಇಲ್ಲದೆಯೂ ವ್ಯವಸ್ಥೆ ಕೆಡುವುದಿಲ್ಲ ಎಂಬುದೇ ಇಲ್ಲಿನ ನಿಜವಾದ ತೊಡಕು ಎಂದು ನನಗನ್ನಿಸುತ್ತದೆ. ಮುದ್ರಕದ ಚಾಲಕ ಕೆಟ್ಟರೆ ಕಾಗದ ಹೊರಬರುವುದಿಲ್ಲ, ಆಗ ನಿಮಗೆ ಗೊತ್ತಾಗುತ್ತದೆ. ವೇಗವರ್ಧಕದ ಚಾಲಕ ಕೆಟ್ಟರೆ ತಂತ್ರಾಂಶವು ಸದ್ದಿಲ್ಲದೆ ಆ ಕೆಲಸವನ್ನು ವಹಿಸಿಕೊಳ್ಳುತ್ತದೆ. ಉತ್ತರವೂ ಸರಿ, ಬಿಟ್ ಬಿಟ್ಟೂ ಸರಿ. ಹಣ ಕೊಟ್ಟು ತಂದ ಕಾರ್ಡು ತಿಂಗಳುಗಟ್ಟಲೆ ಬಿಸಿಯಾಗುತ್ತಾ ಕೂತಿರಬಹುದು.

2006ರ ಜೂನ್‌ನಲ್ಲಿ ಇನ್ನೊಂದು ಬಗೆಯ ಜಗಳ ಬಹಿರಂಗವಾಯಿತು. ಹೈಫ್ನ್ ಸಂಸ್ಥೆ ತನ್ನ ಚಿಪ್ಪುಗಳ ಕೈಪಿಡಿ ಬೇಕಾದವರು ಮೊದಲು ತಮ್ಮ ವಿವರ ಕೊಟ್ಟು ನೋಂದಾಯಿಸಿಕೊಳ್ಳಬೇಕೆಂದಿತು. ಕಾರಣವಾಗಿ ರಫ್ತು ನಿಯಮಗಳನ್ನು ಹೇಳಿತು. ಡೆ ರಾಟ್ ಇದನ್ನು ಕಟುವಾಗಿ ವಿರೋಧಿಸಿದರು. ಹಿಂದೆ ಮುಕ್ತವಾಗಿ ಸಿಗುತ್ತಿದ್ದ ಕೈಪಿಡಿಯ ಆಧಾರದಿಂದಲೇ ಚಾಲಕ ಬರೆದವರು ಅವರ ಗುಂಪಿನವರು. ಬೀಗದ ಆ 13 ಬೈಟ್‌ಗಳನ್ನು ನೆನೆಸಿಕೊಂಡರೆ ಅವರ ಕೋಪ ಅರ್ಥವಾಗುತ್ತದೆ.

ಅಷ್ಟರಲ್ಲಿ ಗಿರಣಿಯೇ ಮನೆಯೊಳಗೆ ಬರತೊಡಗಿತ್ತು. ಬೆಲ್ಜಿಯಂನ ಯೋನ್ ಡಾಮೆನ್ ಮತ್ತು ವಿನ್ಸೆಂಟ್ ರೈಮೆನ್ ರಚಿಸಿದ ವಿಧಾನವು ಎಇಎಸ್ ಎಂಬ ಹೆಸರಿನಲ್ಲಿ 2001ರ ನವೆಂಬರಿನಲ್ಲಿ ಹೊಸ ಮಾನಕವಾಯಿತು. ಇದು ತಂತ್ರಾಂಶದಲ್ಲೂ ಚುರುಕು. ತೈವಾನಿನ ವಿಯಾ ಸಂಸ್ಥೆ ತನ್ನ ಸಣ್ಣ ಪ್ರೊಸೆಸರುಗಳಲ್ಲಿ ಪ್ಯಾಡ್‌ಲಾಕ್ ಎಂಬ ಹೆಸರಿನಲ್ಲಿ, ಮೊದಲು ಯಾದೃಚ್ಛಿಕ ಸಂಖ್ಯೆಗಳ ಉತ್ಪಾದಕವನ್ನೂ ಬಳಿಕ ಎಇಎಸ್ ಆದೇಶಗಳನ್ನೂ ಇಟ್ಟಿತು. ಇಂಟೆಲ್ 2008ರಲ್ಲಿ ಆರು ಆದೇಶಗಳನ್ನು ಪ್ರಕಟಿಸಿ, 2010ರಲ್ಲಿ ವೆಸ್ಟ್‌ಮಿಯರ್ ಪ್ರೊಸೆಸರುಗಳಲ್ಲಿ ಮಾರುಕಟ್ಟೆಗೆ ತಂದಿತು. ಎಇಎಸ್‌ನ ಒಂದು ಸುತ್ತು ಈಗ ಒಂದೇ ಆದೇಶ; 128 ಬಿಟ್ ಕೀಲಿಗೆ ಹತ್ತು ಸುತ್ತು. ಬಸ್ಸು ದಾಟುವುದಿಲ್ಲ, ಅಡ್ಡಿಸಂಕೇತವಿಲ್ಲ. ಇನ್ನೊಂದು ಲಾಭವೂ ಇತ್ತು. ಕೋಷ್ಟಕಗಳನ್ನು ಬಳಸುವ ತಂತ್ರಾಂಶದಲ್ಲಿ, ಸ್ಮೃತಿಯಿಂದ ಓದಲು ಹಿಡಿದ ಸಮಯವನ್ನು ಅಳೆದೇ ಕೀಲಿಯನ್ನು ಊಹಿಸಬಹುದೆಂದು 2005ರಲ್ಲಿ ಡೇನಿಯಲ್ ಬರ್ನ್‌ಸ್ಟೈನ್ ತೋರಿಸಿದ್ದರು. ಹೊಸ ಆದೇಶಗಳಲ್ಲಿ ಕೋಷ್ಟಕವೇ ಇಲ್ಲ.

ಹಾಗಾದರೆ ಚಾಲಕದ ಗೊಡವೆ ತಪ್ಪಿತೆ? ತಪ್ಪಲಿಲ್ಲ, ಹಗುರವಾಯಿತು ಅಷ್ಟೆ. ಲಿನಕ್ಸ್ ಗಣಕವೊಂದು ಹತ್ತಿರವಿದ್ದರೆ ಪ್ರಾಕ್ ಕಡತಕೋಶದಲ್ಲಿರುವ ಕ್ರಿಪ್ಟೋ ಎಂಬ ಕಡತವನ್ನು ತೆರೆದು ನೋಡಿ. ಪ್ರತಿಯೊಂದು ವಿಧಾನಕ್ಕೂ ಅದನ್ನು ನಡೆಸುವ ಚಾಲಕದ ಹೆಸರೂ ಆದ್ಯತೆಯ ಅಂಕಿಯೂ ಅಲ್ಲಿವೆ. ಸಾದಾ ತಂತ್ರಾಂಶದ ಎಇಎಸ್‌ಗೆ 100. ಇಂಟೆಲ್ ಆದೇಶಗಳ ಚಾಲಕಕ್ಕೆ 300 ಅಥವಾ ಹೆಚ್ಚು. ದೊಡ್ಡ ಅಂಕಿಯವನಿಗೆ ಕೆಲಸ. ಗಮನಿಸಿ, ಈ ಅಂಕಿ ಅಳತೆಯಿಂದ ಬಂದದ್ದಲ್ಲ, ಚಾಲಕ ಬರೆದವರು ಕೊಟ್ಟದ್ದು. ಅದೇ ಕಡತದಲ್ಲಿ ಸ್ವಯಂಪರೀಕ್ಷೆಯ ಸಾಲೂ ಇದೆ: ಉತ್ತರ ಮೊದಲೇ ಗೊತ್ತಿರುವ ಲೆಕ್ಕಗಳನ್ನು ಕೊಟ್ಟು ಚಾಲಕವನ್ನು ಪರೀಕ್ಷಿಸಿದ ಫಲಿತಾಂಶ ಅದು. ನಿಮ್ಮ ಗಣಕದಲ್ಲಿ ಸಾದಾ ಎಇಎಸ್ ಮಾತ್ರ ಕಂಡರೆ ಗಾಬರಿಯಾಗಬೇಡಿ. ಮಾಡ್ಯೂಲ್ ಲೋಡ್ ಆಗಿಲ್ಲದಿರಬಹುದು, ಅಥವಾ ಬಯಾಸ್‌ನಲ್ಲಿ ಆ ಆದೇಶಗಳನ್ನು ಯಾರೋ ಆರಿಸಿಟ್ಟಿರಬಹುದು.

ಹಳೆಯ ಕಾರ್ಡುಗಳ ಕಾಲ ಮುಗಿಯಿತು. ಕ್ರಿಪ್ಟೋಸ್ವಿಫ್ಟ್, ಅಟಲ್ಲಾ ಕಾರ್ಡುಗಳಿಗೆಂದು ಓಪನ್‌ಎಸ್‌ಎಸ್‌ಎಲ್‌ನಲ್ಲಿದ್ದ ಎಂಜಿನ್‌ಗಳನ್ನು 2016ರ 1.1.0 ಆವೃತ್ತಿಯಲ್ಲಿ ತೆಗೆದುಹಾಕಿದರು. 2021ರ 3.0 ಆವೃತ್ತಿ ಎಂಜಿನ್ ಎಂಬ ವ್ಯವಸ್ಥೆಯನ್ನೇ ಬದಿಗೆ ಸರಿಸಿ ಪ್ರೊವೈಡರ್ ಎಂಬ ಬೇರೆ ಏರ್ಪಾಡನ್ನು ತಂದಿತು. ಹಳೆಯ ಪುಸ್ತಕ ನೋಡಿ ಸಂರಚನಾ ಕಡತ ಬರೆಯುವ ವಿದ್ಯಾರ್ಥಿಗಳು ಎಡವುವುದು ಹೆಚ್ಚಾಗಿ ಇಲ್ಲಿಯೇ.

ಶಾಲೆಯ ಪ್ರಯೋಗಾಲಯದಲ್ಲಿ ರಾಸ್ಪ್‌ಬೆರಿ ಪೈ ಇದ್ದರೆ ಒಂದು ಹೋಲಿಕೆ ಮಾಡಿಸಬಹುದು. ಮೂರನೆಯ ಮತ್ತು ನಾಲ್ಕನೆಯ ಮಾದರಿಗಳ ಆರ್ಮ್ ಪ್ರೊಸೆಸರುಗಳಲ್ಲಿ ಎಇಎಸ್ ಆದೇಶಗಳಿಲ್ಲ, ಐದನೆಯದರಲ್ಲಿವೆ. ಎರಡರಲ್ಲೂ ಅದೇ ಸ್ಪೀಡ್ ಪರೀಕ್ಷೆ ನಡೆಸಿ, ಎಇಎಸ್ ಜೊತೆಗೆ ಚಾಚಾ20 ಎಂಬ ವಿಧಾನವನ್ನೂ ಅಳೆಯಿರಿ. ಆದೇಶಗಳಿಲ್ಲದ ಪೈನಲ್ಲಿ ಚಾಚಾ ಮುಂದಿರುತ್ತದೆ. ಗೂಗಲ್ ಸಂಸ್ಥೆ ಅಗ್ಗದ ಫೋನುಗಳ ಸಂಗ್ರಹಕ್ಕೆಂದು ಅಡಿಯಾಂಟಮ್ ವಿಧಾನವನ್ನು ಚಾಚಾದ ಮೇಲೆ ಕಟ್ಟಿದ್ದು ಇದೇ ಕಾರಣಕ್ಕೆ. ಆ ಫೋನುಗಳ ಪ್ರೊಸೆಸರುಗಳಲ್ಲಿ ಎಇಎಸ್ ಆದೇಶಗಳಿರಲಿಲ್ಲ.