ಮೂವತ್ತನಾಲ್ಕು ರೂಪಾಯಿಯ ಸಿನಿಮಾ

2007ರ ಸುಮಾರಿಗೆ ನಮ್ಮ ದೇಶದಲ್ಲಿ ಒಂದು ಸಿನಿಮಾ ಡಿವಿಡಿಯ ಬೆಲೆ 34 ರೂಪಾಯಿಗೆ ಇಳಿಯಿತು. ವಿಸಿಡಿ 28 ರೂಪಾಯಿ. ಕದ್ದ ಮಾಲಲ್ಲ, ಹಕ್ಕು ಕೊಂಡು, ಕಾರ್ಖಾನೆಯಲ್ಲಿ ಅಚ್ಚು ಹಾಕಿ, ಬಿಲ್ ಕೊಟ್ಟು ಮಾರಿದ ಅಸಲಿ ಡಿಸ್ಕ್. ಅದಕ್ಕೆ ಒಂದೆರಡು ವರ್ಷ ಹಿಂದೆ ಅಂಥದ್ದೇ ಡಿವಿಡಿಗೆ ಕೆಲವು ನೂರು ರೂಪಾಯಿ ಎಣಿಸಬೇಕಿತ್ತು. ನಾನು ಆಗ ವಿದ್ಯಾರ್ಥಿ. ತಿಂಗಳ ಕೊನೆಗೆ ಕೈಯಲ್ಲಿ ಉಳಿಯುವ ಚಿಲ್ಲರೆಯಿಂದ ಒಂದು ಸಿನಿಮಾವನ್ನು ಸ್ವಂತಕ್ಕೆ ಕೊಳ್ಳಬಹುದು ಎಂಬ ಯೋಚನೆಯೇ ಅಲ್ಲಿಯವರೆಗೆ ನನಗೆ ಬಂದಿರಲಿಲ್ಲ.

ಆ ಬೆಲೆ ಹೇಗೆ ಸಾಧ್ಯವಾಯಿತು ಎಂಬ ಕುತೂಹಲ ನನ್ನಲ್ಲಿ ಬಹಳ ಕಾಲ ಉಳಿಯಿತು. ಹುಡುಕುತ್ತಾ ಹೋದಂತೆ ಒಂದು ವಿಷಯ ಸ್ಪಷ್ಟವಾಯಿತು. ಡಿಸ್ಕಿನ ಬೆಲೆಯನ್ನು ಅದರ ಪ್ಲಾಸ್ಟಿಕ್ಕಾಗಲಿ, ಸಿನಿಮಾದ ಗುಣವಾಗಲಿ ಹೆಚ್ಚು ನಿರ್ಧರಿಸಿಲ್ಲ. ಕೊಂಡ ವಸ್ತುವನ್ನು ಕೊಂಡವನು ಏನು ಮಾಡಬಹುದು, ಬಾಡಿಗೆಗೆ ಕೊಡಬಹುದೇ, ಮರಳಿ ಮಾರಬಹುದೇ, ಇಟ್ಟುಕೊಳ್ಳಬಹುದೇ ಎಂಬ ಜಗಳವೇ ಪ್ರತಿ ಹಂತದಲ್ಲೂ ಬೆಲೆಯನ್ನು ಏರಿಸಿದೆ, ಇಳಿಸಿದೆ. ಸಿನಿಮಾ ಕೊಳ್ಳುವಾಗ ದುಡ್ಡು ಉಳಿಸುವ ವಿದ್ಯೆಯೂ ಈ ಜಗಳದ ಜೊತೆಯಲ್ಲೇ ಬೆಳೆದಿದೆ.

ಈ ಕತೆ ಶುರುವಾಗುವುದು ಸಿನಿಮಾದಿಂದಲ್ಲ, ಒಂದು ಕಾದಂಬರಿಯಿಂದ. ಅಮೆರಿಕದ ಬಾಬ್ಸ್-ಮೆರಿಲ್ ಎಂಬ ಪ್ರಕಾಶನ ಸಂಸ್ಥೆ ‘ದಿ ಕ್ಯಾಸ್ಟವೇ’ ಎಂಬ ಕಾದಂಬರಿಯನ್ನು ಪ್ರಕಟಿಸಿತು. ಇದರ ಬೆಲೆ ಒಂದು ಡಾಲರ್, ಅದಕ್ಕಿಂತ ಕಡಿಮೆಗೆ ಮಾರಿದರೆ ಕೃತಿಸ್ವಾಮ್ಯದ ಉಲ್ಲಂಘನೆ ಎಂದು ಪುಸ್ತಕದ ಒಳಗೇ ಅಚ್ಚು ಹಾಕಿಸಿತ್ತು. ನ್ಯೂಯಾರ್ಕಿನ ಮೇಸೀಸ್ ಮಳಿಗೆ ಅದನ್ನು ಲೆಕ್ಕಿಸದೆ 89 ಸೆಂಟಿಗೆ ಮಾರಿತು. ಜಗಳ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1908ರಲ್ಲಿ ಕೋರ್ಟು ಅಂಗಡಿಯ ಪರ ತೀರ್ಪು ಕೊಟ್ಟಿತು: ಪ್ರಕಾಶಕರು ಒಮ್ಮೆ ಪ್ರತಿಯನ್ನು ಮಾರಿದ ಮೇಲೆ, ಆ ಪ್ರತಿಯ ಮುಂದಿನ ಮಾರಾಟವನ್ನು ಕೃತಿಸ್ವಾಮ್ಯದ ಹೆಸರಿನಲ್ಲಿ ಹಿಡಿದಿಡುವಂತಿಲ್ಲ. ಹನ್ನೊಂದು ಸೆಂಟಿನ ಈ ರಿಯಾಯಿತಿಯ ಋಣ ಆ ದೇಶದ ಹಳೇ ಪುಸ್ತಕದಂಗಡಿಗಳ ಮೇಲಿದೆ, ಮುಂದೆ ಬಂದ ವಿಡಿಯೊ ಅಂಗಡಿಗಳ ಮೇಲೂ ಇದೆ.

ಸುಮಾರು ಎಪ್ಪತ್ತು ವರ್ಷಗಳ ನಂತರ, 1977ರಲ್ಲಿ, ಮಿಶಿಗನ್ ರಾಜ್ಯದ ಮ್ಯಾಗ್ನೆಟಿಕ್ ವಿಡಿಯೊ ಎಂಬ ಸಂಸ್ಥೆ ಟ್ವೆಂಟಿಯತ್ ಸೆಂಚುರಿ ಫಾಕ್ಸ್‌ನಿಂದ 50 ಸಿನಿಮಾಗಳ ಹಕ್ಕು ಪಡೆದು ವಿಡಿಯೊ ಕ್ಯಾಸೆಟ್ ಮಾಡಿ ಮಾರತೊಡಗಿತು. ಒಂದರ ಬೆಲೆ ಸುಮಾರು 50 ಡಾಲರ್. ಆಗ ಅಲ್ಲಿ ಟಾಕೀಸಿನ ಟಿಕೆಟ್ಟು ಸರಾಸರಿ ಎರಡು ಡಾಲರ್ ಚಿಲ್ಲರೆ. ಒಂದು ಕ್ಯಾಸೆಟ್ಟಿನ ದುಡ್ಡಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಲ ಸಿನಿಮಾಕ್ಕೆ ಹೋಗಿ ಬರಬಹುದಿತ್ತು. ಹೀಗಿರುವಾಗ ಕೊಳ್ಳುವವರು ಯಾರು? ಲಾಸ್ ಏಂಜಲೀಸಿನ ಜಾರ್ಜ್ ಅಟ್ಕಿನ್ಸನ್ ಎಂಬಾತ ಆ ಐವತ್ತನ್ನೂ ಕೊಂಡು, ದಿನಕ್ಕೆ 10 ಡಾಲರಿನಂತೆ ಬಾಡಿಗೆಗೆ ಬಿಟ್ಟ. ಸಿನಿಮಾ ಕಂಪನಿಗಳಿಗೆ ಇದು ಹಿಡಿಸಲಿಲ್ಲ. ಆದರೆ 1908ರ ತತ್ವ ಅಷ್ಟರಲ್ಲಿ ಶಾಸನದೊಳಗೇ ಸೇರಿಹೋಗಿತ್ತು. ಕೊಂಡ ಕ್ಯಾಸೆಟ್ಟು ಕೊಂಡವನದು, ಬಾಡಿಗೆಗೆ ಕೊಡುವುದೂ ಅವನ ಇಷ್ಟ.

ಬಾಡಿಗೆಯ ಹಣದಲ್ಲಿ ಪಾಲು ಸಿಗದ ಕಂಪನಿಗಳು ಬೇರೆ ದಾರಿ ಹಿಡಿದವು. ಹೇಗೂ ಕೊಳ್ಳುವವರು ಬಾಡಿಗೆ ಅಂಗಡಿಯವರು. ಅವರಿಂದಲೇ ಎಲ್ಲವನ್ನೂ ವಸೂಲು ಮಾಡೋಣ ಎಂದು ಹೊಸ ಸಿನಿಮಾದ ಕ್ಯಾಸೆಟ್ಟಿಗೆ ಎಂಬತ್ತು, ತೊಂಬತ್ತು ಡಾಲರ್ ಇಟ್ಟವು. ಮನೆಯಲ್ಲಿ ಒಂದು ಪ್ರತಿ ಇಟ್ಟುಕೊಳ್ಳುವ ಆಸೆಯಿದ್ದವರಿಗೆ ಉಳಿದದ್ದು ಕಾಯುವ ದಾರಿ. ಕೆಲವು ತಿಂಗಳಾದ ಮೇಲೆ ಬಾಡಿಗೆ ಅಂಗಡಿಯವರೇ ಹೆಚ್ಚುವರಿ ಪ್ರತಿಗಳನ್ನು ಅಗ್ಗಕ್ಕೆ ಬಿಕರಿಗೆ ಇಡುತ್ತಿದ್ದರು. ದುಡ್ಡು ಉಳಿಸುವವರ ಮೊದಲ ಪಾಠ ಇದು: ಸಿನಿಮಾ ಹಳೆಯದಾಗುವುದಿಲ್ಲ, ಬೆಲೆ ಹಳೆಯದಾಗುತ್ತದೆ.

ಕಡಿಮೆ ಬೆಲೆಗೆ ಹೆಚ್ಚು ಮಾರುವ ಪ್ರಯೋಗವನ್ನು 1982ರಲ್ಲಿ ಪ್ಯಾರಾಮೌಂಟ್ ಮಾಡಿತು. ‘ಸ್ಟಾರ್ ಟ್ರೆಕ್’ ಸರಣಿಯ ಎರಡನೆಯ ಸಿನಿಮಾವನ್ನು ಅದು 39.95 ಡಾಲರಿಗೆ ತಂದಿತು. 1987ರಲ್ಲಿ ‘ಟಾಪ್ ಗನ್’ ಕ್ಯಾಸೆಟ್ಟಿನ ಮೊದಲಿಗೆ ಪೆಪ್ಸಿ ಜಾಹೀರಾತು ಸೇರಿಸಿ 26.95 ಡಾಲರಿಗೆ ಮಾರಿತು. ಜನ ಮುಗಿಬಿದ್ದು ಕೊಂಡರು. ಹೀಗಾಗಿ 1997ರಲ್ಲಿ ಡಿವಿಡಿ ಅಮೆರಿಕಕ್ಕೆ ಕಾಲಿಡುವಾಗ, ಆ ತಂತ್ರಜ್ಞಾನದ ಬೆನ್ನಿಗೆ ನಿಂತಿದ್ದ ವಾರ್ನರ್ ಕಂಪನಿಯ ವಾರೆನ್ ಲೀಬರ್‌ಫಾರ್ಬ್ ಮೊದಲ ದಿನದಿಂದಲೇ ಜನ ಕೊಳ್ಳುವ ಬೆಲೆ ಇರಬೇಕು ಎಂದು ಪಟ್ಟು ಹಿಡಿದರು. ಬಾಡಿಗೆಯ ಲಾಭ ಅಂಗಡಿಗೆ, ಮಾರಾಟದ ಲಾಭ ಕಂಪನಿಗೆ ಎಂಬ ಸರಳ ಲೆಕ್ಕ ಅದರ ಹಿಂದಿತ್ತು. ನೋಡುಗರ ಮೇಲಿನ ಪ್ರೀತಿಯಿಂದ ಇಳಿದ ಬೆಲೆಯಲ್ಲ ಅದು. ಆದರೂ ಇಳಿಯಿತು.

ಟಿವಿ ಧಾರಾವಾಹಿಗಳ ಪಾಡು ಇನ್ನೂ ಕಷ್ಟದ್ದಿತ್ತು. ಕ್ಯಾಸೆಟ್ಟಿನ ಕಾಲದಲ್ಲಿ ‘ದಿ ಎಕ್ಸ್-ಫೈಲ್ಸ್’ನಂಥ ಸರಣಿಯ ಎರಡೆರಡು ಕಂತುಗಳನ್ನು ಒಂದೊಂದು ಕ್ಯಾಸೆಟ್ಟಿನಲ್ಲಿ ಮಾರುತ್ತಿದ್ದರು. ಈ ಲೆಕ್ಕದಲ್ಲಿ ಇಪ್ಪತ್ತನಾಲ್ಕು ಕಂತಿನ ಒಂದು ಸೀಸನ್ನಿಗೆ ಹನ್ನೆರಡು ಕ್ಯಾಸೆಟ್. ಕಪಾಟಿನ ಒಂದು ಅಡ್ಡಹಲಗೆ ಪೂರ್ತಿ ಅದಕ್ಕೇ ಬೇಕು. 2000ದಲ್ಲಿ ಇದರ ಮೊದಲ ಸೀಸನ್ ಇಡಿಯಾಗಿ ಏಳು ಡಿವಿಡಿಗಳ ಪೆಟ್ಟಿಗೆಯಲ್ಲಿ ಬಂತು. ಬೆಲೆ ಸುಮಾರು 150 ಡಾಲರ್. ಕೆಲವು ವರ್ಷ ಕಾದವರಿಗೆ ಅದೇ ಸೀಸನ್ ತೆಳು ಪೆಟ್ಟಿಗೆಯಲ್ಲಿ ಅರ್ಧಕ್ಕಿಂತ ಕಡಿಮೆ ಬೆಲೆಗೆ ಸಿಕ್ಕಿತು. ಕೊಳ್ಳುವವರ ದುಡ್ಡಿಗೆ ಎಷ್ಟು ಶಕ್ತಿಯಿದೆ ಎಂಬುದನ್ನು ಇದೇ ಕಾಲದ ಇನ್ನೊಂದು ಧಾರಾವಾಹಿ ತೋರಿಸಿತು. ಫಾಕ್ಸ್ ವಾಹಿನಿ 2002ರಲ್ಲಿ ನಿಲ್ಲಿಸಿದ್ದ ‘ಫ್ಯಾಮಿಲಿ ಗೈ’ ಎಂಬ ಕಾರ್ಟೂನ್ ಧಾರಾವಾಹಿ 2003ರಲ್ಲಿ ಡಿವಿಡಿಯಾಗಿ ಬಂದಾಗ ಎಷ್ಟು ಮಾರಾಟವಾಯಿತೆಂದರೆ, 2005ರಲ್ಲಿ ವಾಹಿನಿ ಅದನ್ನು ಮರಳಿ ಶುರುಮಾಡಬೇಕಾಯಿತು.

ಇಷ್ಟೆಲ್ಲ ಅಲ್ಲಿ ನಡೆಯುವಾಗ ನಮ್ಮ ದಾರಿ ಬೇರೆಯಿತ್ತು. ಎಂಬತ್ತರ ದಶಕದಲ್ಲಿ ನಮ್ಮ ಊರುಗಳಲ್ಲಿ ಕ್ಯಾಸೆಟ್ ಕೊಳ್ಳುತ್ತಿದ್ದವರು ಅಪರೂಪ. ಕ್ಯಾಸೆಟ್ ಲೈಬ್ರರಿಯಿಂದ ಬಾಡಿಗೆಗೆ ತಂದು, ಕೆಲವೊಮ್ಮೆ ವಿಸಿಆರ್ ಅನ್ನೂ ಬಾಡಿಗೆಗೇ ತಂದು, ಒಂದೇ ರಾತ್ರಿ ಮೂರು ಸಿನಿಮಾ ನೋಡಿ ಬೆಳಿಗ್ಗೆ ಹಿಂದಿರುಗಿಸುವುದು ರೂಢಿ. ಸಿನಿಮಾವನ್ನು ಕೊಂಡು ಮನೆಯಲ್ಲಿಡುವ ಅಭ್ಯಾಸ ಬಂದದ್ದು ವಿಸಿಡಿಯಿಂದ. 1993ರಲ್ಲಿ ರೂಪುಗೊಂಡ ಈ ತಂತ್ರ ಹಾಡಿನ ಸಿಡಿಯ ಮೇಲೆಯೇ ನಿಂತದ್ದು. ಒಂದು ಡಿಸ್ಕಿನಲ್ಲಿ ಹಿಡಿಯುತ್ತಿದ್ದುದು ಸುಮಾರು 74 ನಿಮಿಷದ ಚಿತ್ರ. ಹಾಗಾಗಿ ನಮ್ಮ ಕನ್ನಡ ಸಿನಿಮಾಗಳು ಎರಡು ಅಥವಾ ಮೂರು ಡಿಸ್ಕಿನಲ್ಲಿ ಬರುತ್ತಿದ್ದವು. ಒಂದು ಡಿಸ್ಕ್ ಮುಗಿದಾಗ ಯಾರಾದರೂ ಎದ್ದು ಇನ್ನೊಂದನ್ನು ಹಾಕಬೇಕು, ಅದೇ ಇಂಟರ್‌ವಲ್.

ಡಿವಿಡಿ ಬಂದಾಗ ಅದರ ಜೊತೆ ಇನ್ನೊಂದು ತೊಡಕೂ ಬಂತು. ಕಂಪನಿಗಳು ಜಗತ್ತನ್ನು ವಲಯಗಳಾಗಿ ಹಂಚಿದ್ದವು. ಅಮೆರಿಕ ಒಂದನೆಯ ವಲಯ, ಭಾರತ ಐದನೆಯದು. ಅಲ್ಲಿಯ ಡಿಸ್ಕ್ ಇಲ್ಲಿಯ ಪ್ಲೇಯರಿನಲ್ಲಿ ಓಡದಂತೆ ಬೀಗ. ಒಂದೇ ಸಿನಿಮಾವನ್ನು ಬೇರೆ ಬೇರೆ ದೇಶದಲ್ಲಿ ಬೇರೆ ಬೇರೆ ದಿನ, ಬೇರೆ ಬೇರೆ ಬೆಲೆಗೆ ಮಾರಲು ಇದು ಅನುಕೂಲ. ಅಮೆರಿಕದಿಂದ ರಜೆಗೆ ಬಂದ ಅಣ್ಣನೋ ಅತ್ತಿಗೆಯೋ ಸೂಟ್‌ಕೇಸಿನಲ್ಲಿ ತಂದುಕೊಟ್ಟ ಡಿಸ್ಕನ್ನು ಮನೆಯ ಪ್ಲೇಯರ್ ನಿರಾಕರಿಸಿದ್ದು ನಮ್ಮಲ್ಲಿ ಹಲವರಿಗೆ ನೆನಪಿರಬಹುದು. ರಿಮೋಟಿನಲ್ಲಿ ಗುಟ್ಟಿನ ಅಂಕಿ ಒತ್ತಿ ಬೀಗ ತೆಗೆಯುವುದನ್ನು ನಾನು ಕಲಿತದ್ದು ಆಗಲೇ.

ಅಸಲಿಗೆ ಕೆಲವು ನೂರು ರೂಪಾಯಿ, ಬೀದಿಯ ನಕಲಿಗೆ ಕೆಲವೇ ಹತ್ತು ರೂಪಾಯಿ ಎಂದಾದಾಗ ಜನ ಎತ್ತ ಹೋಗುತ್ತಾರೆ ಎಂದು ಹೇಳಬೇಕಿಲ್ಲ. ದೆಹಲಿಯ ಪಾಲಿಕಾ ಬಜಾರ್, ಚೆನ್ನೈನ ಬರ್ಮಾ ಬಜಾರ್, ನಮ್ಮ ಗಾಂಧಿನಗರದ ನ್ಯಾಷನಲ್ ಮಾರ್ಕೆಟ್ ಇವೆಲ್ಲ ಹೆಸರಾದದ್ದು ಹೀಗೆ. ಕರ್ನಾಟಕದಲ್ಲಂತೂ ಗೂಂಡಾ ಕಾಯ್ದೆಯ ಹೆಸರಿನಲ್ಲೇ ವಿಡಿಯೊ, ಆಡಿಯೊ ಕಳ್ಳ ಪ್ರತಿ ಮಾಡುವವರನ್ನು ಸೇರಿಸಲಾಯಿತು. ಸಿನಿಮಾ ನಕಲು ಮಾಡುವವನೂ ಗೂಂಡಾನೂ ಕಾನೂನಿನ ಒಂದೇ ಸಾಲಿನಲ್ಲಿ ನಿಂತರು. ಕಾನೂನು ಮಾಡಲಾಗದ್ದನ್ನು ಕೊನೆಗೆ ಬೆಲೆ ಮಾಡಿ ನೋಡಿತು.

ಮೋಸರ್ ಬೇಯರ್ ಎಂಬ ಹೆಸರು ಕೇಳಲು ವಿದೇಶಿ. 1983ರಲ್ಲಿ ದೀಪಕ್ ಪುರಿ ಅವರು ದೆಹಲಿಯಲ್ಲಿ ಸ್ವಿಟ್ಜರ್ಲೆಂಡ್ ಮತ್ತು ಜಪಾನಿನ ಕಂಪನಿಗಳ ಸಹಯೋಗದಲ್ಲಿ ಶುರುಮಾಡಿದ ಉದ್ಯಮ ಅದು. ಮೊದಲು ಸಮಯ ದಾಖಲಿಸುವ ಯಂತ್ರ, ಆಮೇಲೆ ಫ್ಲಾಪಿ, ಆಮೇಲೆ ಖಾಲಿ ಸಿಡಿ ತಯಾರಿಸುತ್ತಾ ಜಗತ್ತಿನ ಅತಿ ದೊಡ್ಡ ಡಿಸ್ಕ್ ತಯಾರಕರ ಸಾಲಿಗೆ ಸೇರಿತ್ತು. ಸಿನಿಮಾ ಕಂಪನಿಗಳಿಗೆ ತಿಳಿಯದ, ಅಥವಾ ತಿಳಿದೂ ಹೇಳದ ಒಂದು ವಿಷಯ ಅವರಿಗೆ ಚೆನ್ನಾಗಿ ಗೊತ್ತಿತ್ತು: ಒಂದು ಡಿಸ್ಕ್ ತಯಾರಿಸುವ ಅಸಲು ಎಷ್ಟು ಎಂಬುದು. ಕನ್ನಡವೂ ಸೇರಿ ಹಲವು ಭಾಷೆಗಳ ಸಾವಿರಾರು ಸಿನಿಮಾಗಳ ಹಕ್ಕು ಕೊಂಡು, ಕಳ್ಳ ಪ್ರತಿಯ ಬೆಲೆಗೆ ಅಸಲಿ ಪ್ರತಿ ಕೊಡಲು ಅವರು ಹೊರಟರು. ತೆಳು ಪ್ಲಾಸ್ಟಿಕ್ಕಿನ ಹೊದಿಕೆ, ಸಾದಾ ಮುದ್ರಣ, ಸೂಪರ್ ಮಾರ್ಕೆಟ್ಟಿನ ಬಿಲ್ ಕೌಂಟರಿನ ಪಕ್ಕದಲ್ಲೂ ಮಾರಾಟ. ಉಳಿದ ಕಂಪನಿಗಳೂ ಬೆಲೆ ಇಳಿಸದೆ ವಿಧಿಯಿರಲಿಲ್ಲ.

ಈ ಅಗ್ಗದಲ್ಲೂ ಎರಡು ಬಗೆಯಿತ್ತು ಎಂಬುದನ್ನು ಕೊಳ್ಳುತ್ತಾ ಕೊಳ್ಳುತ್ತಾ ತಿಳಿದೆ. ಒಂದು ಪದರದ ಡಿವಿಡಿಯಲ್ಲಿ ಹಿಡಿಯುವುದು 4.7 ಜಿಬಿ. ಅದರಲ್ಲಿ ಒಂದೇ ಸಿನಿಮಾ ಇದ್ದರೆ ಚಿತ್ರಕ್ಕೆ ಉಸಿರಾಡಲು ಜಾಗವಿರುತ್ತದೆ. ಮೂರು ಸಿನಿಮಾ ತುರುಕಿದರೆ ಪ್ರತಿಯೊಂದಕ್ಕೂ ಸಿಗುವುದು ಮೂರನೆಯ ಒಂದು ಪಾಲು. ಮಳೆ, ಹೊಗೆ, ಜನಜಂಗುಳಿಯ ದೃಶ್ಯಗಳು ಚೌಕಚೌಕವಾಗಿ ಒಡೆಯುತ್ತವೆ. ಮೂರಕ್ಕೆ ಒಂದರ ಬೆಲೆ ಎಂಬ ಡಿಸ್ಕ್ ನಿಜಕ್ಕೂ ಅಗ್ಗವೇ ಎಂದು ಲೆಕ್ಕ ಹಾಕುವಾಗ ಇದನ್ನೂ ಸೇರಿಸಬೇಕು. ಡಿಸ್ಕಿನ ಬೆನ್ನು ಬೆಳ್ಳಿಯ ಬಣ್ಣದ್ದಾದರೆ ಸಾಮಾನ್ಯವಾಗಿ ಅದು ಕಾರ್ಖಾನೆಯಲ್ಲಿ ಅಚ್ಚಾದದ್ದು. ನೇರಳೆ ಅಥವಾ ಹಸಿರು ಛಾಯೆಯಿದ್ದರೆ ಬಣ್ಣದ ಪದರದ ಮೇಲೆ ಸುಟ್ಟು ಬರೆದದ್ದು. ಆ ಬಣ್ಣ ಬಿಸಿಲಿಗೆ, ಕಾಲಕ್ಕೆ ಬೇಗ ಸೋಲುತ್ತದೆ. ಹತ್ತು ರೂಪಾಯಿ ಉಳಿಸಲು ಹೋಗಿ ಅದೇ ಸಿನಿಮಾವನ್ನು ಎರಡು ಸಲ ಕೊಳ್ಳುವುದು ಇಂಥಲ್ಲೇ.

ಕೊಂಡ ವಸ್ತುವಿನ ಮೇಲೆ ಕೊಂಡವನ ಹಕ್ಕಿನ ಪ್ರಶ್ನೆ ನಮ್ಮ ಕೋರ್ಟಿಗೂ ಬಂತು. ಒಂದು ಅಂಗಡಿ ವಿದೇಶದಲ್ಲಿ ನ್ಯಾಯವಾಗಿ ಕೊಂಡ ಡಿವಿಡಿಗಳನ್ನು ಇಲ್ಲಿ ಬಾಡಿಗೆಗೆ ಕೊಡುತ್ತಿತ್ತು. ವಾರ್ನರ್ ಬ್ರದರ್ಸ್ ದಾವೆ ಹೂಡಿತು. 2009ರಲ್ಲಿ ದೆಹಲಿ ಹೈಕೋರ್ಟ್ ಕಂಪನಿಯ ಪರ ಆದೇಶ ನೀಡಿತು. ನಮ್ಮ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಪುಸ್ತಕಕ್ಕೂ ಸಿನಿಮಾಕ್ಕೂ ಭೇದವಿತ್ತು. ಪುಸ್ತಕದ ಪ್ರತಿ ಒಮ್ಮೆ ಮಾರಾಟವಾದರೆ ಅದರ ಮೇಲಿನ ಹಿಡಿತ ಸಡಿಲ; ಸಿನಿಮಾದ ಪ್ರತಿ ಹಿಂದೆ ಮಾರಾಟವಾಗಿದ್ದರೂ ಮುಂದಿನ ಮಾರಾಟದ, ಬಾಡಿಗೆಯ ಹಕ್ಕು ಮಾಲೀಕರದೇ ಎಂದು ಶಾಸನ ಹೇಳುತ್ತಿತ್ತು. 2012ರ ತಿದ್ದುಪಡಿಯಲ್ಲಿ ಆ ಮಾತನ್ನು ತೆಗೆಯಲಾಯಿತು. ಅಮೆರಿಕದಲ್ಲಿ 1908ರಲ್ಲಿ ಒಂದು ಕಾದಂಬರಿಗೆ ಸಿಕ್ಕ ಬಿಡುಗಡೆಯ ಸಮೀಪಕ್ಕೆ ನಮ್ಮ ಡಿಸ್ಕುಗಳು ಬಂದದ್ದು ಆಗ. ಆದರೆ ಆ ಹೊತ್ತಿಗೆ ಡಿಸ್ಕ್ ಕೊಳ್ಳುವವರೇ ಕಡಿಮೆಯಾಗುತ್ತಿದ್ದರು.

ಮುಂದಿನದು ಎಲ್ಲರೂ ಕಂಡದ್ದೇ. ಸಿನಿಮಾ ಫೋನಿಗೆ ಬಂತು. ಮೋಸರ್ ಬೇಯರ್ 2017ರಲ್ಲಿ ದಿವಾಳಿ ಪ್ರಕ್ರಿಯೆಗೆ ಒಳಗಾಯಿತು. 2018ರಲ್ಲಿ ಅದನ್ನು ಮುಚ್ಚಿ ಆಸ್ತಿ ವಿಲೇವಾರಿ ಮಾಡಲು ಆದೇಶವಾಯಿತು. 1998ರಲ್ಲಿ ಡಿವಿಡಿಯನ್ನು ಅಂಚೆಯಲ್ಲಿ ಬಾಡಿಗೆಗೆ ಕಳಿಸುತ್ತಾ ಹುಟ್ಟಿದ ನೆಟ್‌ಫ್ಲಿಕ್ಸ್ ತನ್ನ ಕೊನೆಯ ಡಿಸ್ಕನ್ನು ಕಳಿಸಿದ್ದು 2023ರ ಸೆಪ್ಟೆಂಬರಿನಲ್ಲಿ. ಅದೇ ವರ್ಷದ ಡಿಸೆಂಬರಿನಲ್ಲಿ ಸೋನಿ, ತನ್ನ ಪ್ಲೇಸ್ಟೇಷನ್‌ನಲ್ಲಿ ಜನ ದುಡ್ಡು ಕೊಟ್ಟು ಕೊಂಡಿದ್ದ ಡಿಸ್ಕವರಿಯ ಕಾರ್ಯಕ್ರಮಗಳನ್ನು ಅವರ ಖಾತೆಯಿಂದ ತೆಗೆಯುವುದಾಗಿ ಪ್ರಕಟಿಸಿತು. ಗಲಾಟೆಯಾಗಿ, ಹೊಸ ಒಪ್ಪಂದವಾದ ಮೇಲೆ ಆ ನಿರ್ಧಾರ ಕೈಬಿಟ್ಟರು. ಆದರೆ ಅಲ್ಲಿ ‘ಕೊಳ್ಳಿ’ ಎಂಬ ಗುಂಡಿ ಒತ್ತಿದವರು ನಿಜಕ್ಕೂ ಏನನ್ನು ಕೊಂಡಿದ್ದರು ಎಂಬ ಪ್ರಶ್ನೆ ಉಳಿಯಿತು. ಅದನ್ನು ಗೆಳೆಯನಿಗೆ ಕೊಡುವಂತಿಲ್ಲ, ಅರ್ಧ ಬೆಲೆಗೆ ಮಾರುವಂತಿಲ್ಲ. ಹಾಗಾಗಿ ಅಲ್ಲಿ ಸೆಕೆಂಡ್ ಹ್ಯಾಂಡ್ ಎಂಬುದೇ ಇಲ್ಲ. ಮೇಸೀಸ್ ಮಳಿಗೆ ಗೆದ್ದುಕೊಟ್ಟ ಆ ಹನ್ನೊಂದು ಸೆಂಟನ್ನು ನಾವು ಸದ್ದಿಲ್ಲದೆ ಹಿಂದಿರುಗಿಸಿದ್ದೇವೆ.

ನಾನು ಈಗಲೂ ಡಿಸ್ಕ್ ಕೊಳ್ಳುತ್ತೇನೆ, ಹೆಚ್ಚಾಗಿ ಹಳೇ ಪುಸ್ತಕದಂಗಡಿ ಮತ್ತು ರದ್ದಿ ಅಂಗಡಿಗಳಲ್ಲಿ. ವಿಸಿಡಿಯಾದರೆ ಎರಡನೆಯ, ಮೂರನೆಯ ಡಿಸ್ಕ್ ಒಳಗಿದೆಯೇ ಎಂದು ತೆರೆದು ನೋಡುತ್ತೇನೆ. ಬೆಳಕಿಗೆ ಹಿಡಿದು ಸೂಜಿರಂಧ್ರಗಳಿವೆಯೇ ಎಂದು ಪರೀಕ್ಷಿಸುತ್ತೇನೆ. ಆಗುಂಬೆಯಲ್ಲಿ ಚಿತ್ರೀಕರಣವಾದ ಶಂಕರ್ ನಾಗ್ ಅವರ ‘ಮಾಲ್ಗುಡಿ ಡೇಸ್’ನಂಥವಕ್ಕೆ ಆನ್‌ಲೈನಿನಲ್ಲಿ ಜಾಗ ಸಿಕ್ಕಿದೆ. ಯಾವ ತಾರೆಯೂ ಇಲ್ಲದ, ಯಾರೂ ಹಕ್ಕು ನವೀಕರಿಸದ ಎಷ್ಟೋ ಸಿನಿಮಾಗಳಿಗೆ ಸಿಕ್ಕಿಲ್ಲ.

1934ರಲ್ಲಿ ತೆರೆಕಂಡ ‘ಸತಿ ಸುಲೋಚನ’ ಕನ್ನಡದ ಮೊದಲ ವಾಕ್ಚಿತ್ರ. ಅದರ ಒಂದು ಪ್ರತಿಯೂ ಇಂದು ಉಳಿದಿಲ್ಲ. ಆ ಕಾಲದಲ್ಲಿ ಸಿನಿಮಾದ ಪ್ರತಿಗಳು ಕೆಲವೇ ಕೆಲವು, ಅವು ಇದ್ದದ್ದೂ ಕೆಲವೇ ಕೈಗಳಲ್ಲಿ. ಅವು ಹಾಳಾದಾಗ ಸಿನಿಮಾವೇ ಹೋಯಿತು. 34 ರೂಪಾಯಿಯ ಡಿಸ್ಕ್ ಮಾರಿದವರಿಗೆ ಬೇಕಿದ್ದುದು ವ್ಯಾಪಾರ, ಕೊಂಡ ನಮಗೆ ಬೇಕಿದ್ದುದು ಉಳಿತಾಯ. ಇಬ್ಬರೂ ಯೋಚಿಸದೆಯೇ ಸಾವಿರಾರು ಸಿನಿಮಾಗಳ ಪ್ರತಿಗಳು ಲಕ್ಷಾಂತರ ಮನೆಗಳ ಕಪಾಟು, ಅಟ್ಟ, ಪೆಟ್ಟಿಗೆಗಳಿಗೆ ಹಂಚಿಹೋದವು. ಮನೆ ಖಾಲಿ ಮಾಡುವಾಗ ಅವನ್ನು ಕಿಲೋ ಲೆಕ್ಕದಲ್ಲಿ ರದ್ದಿಗೆ ಹಾಕುವ ಮುನ್ನ ಒಮ್ಮೆ ಹೆಸರು ಓದಿ ನೋಡಿ. ಕೆಲವಕ್ಕೆ ಇನ್ನೊಂದು ಪ್ರತಿ ಬೇರೆಲ್ಲೂ ಸಿಗದೇ ಇರಬಹುದು.